ಟೆಂಟು ಯಾರು ಹೊರುತ್ತಾರೆ

"ಟೆಂಟು ಯಾರು ಹೊರ್ತಾರೆ?" ಎಂದು ಪಾನಾ ಅಕ್ಕ ಕೇಳಿದಾಗ ನಾವಿಬ್ಬರೂ ಒಟ್ಟಿಗೇ ಬಾಯಿ ತೆರೆದೆವು.

"ನಾನು" ಎಂದರು ಇವರು.

"ನಾನು" ಎಂದೆ.

ಇವರೆಂದರೆ ನನ್ನ ಗಂಡ. ತಿರುಗಿ ನನ್ನ ಮುಖ ನೋಡಿದರು. ಅಂಗಡಿಯ ಒಳಗೆಲ್ಲೋ ಯಾರೋ ತಿರುಗಿಸಿಬಿಟ್ಟ ಚಕ್ರವೊಂದು ಟಿಕಟಿಕ ಅನ್ನುತ್ತ ನಿಧಾನವಾಗಿ ನಿಂತಿತು.

ಪಾನಾ ಅಕ್ಕ ಎಂಬುದು ಸೈಕಲ್ ಅಂಗಡಿಯ ಒಡತಿಗೆ ಗಿರಾಕಿಗಳು ಇಟ್ಟ ಹೆಸರು. ಅವಳ ಏಪ್ರನ್ನಿನ ಜೇಬಿನಿಂದ ಸದಾ ನಟ್ಟು ತಿರುಗಿಸುವ ಒಂದು ಪಾನಾ ಇಣುಕುತ್ತಿರುತ್ತದೆ. ಮಾತಾಡುವಾಗ ಅದನ್ನೇ ಬೆರಳಿನ ಹಾಗೆ ಮುಂದೆ ಚಾಚುತ್ತಾಳೆ. ದೂರದ ಪ್ರವಾಸಕ್ಕೆ ಸೈಕಲ್ ಬೇಕೆಂದು ಬಂದವರು ತಾವು ಹೊರಬೇಕಾದ ಸಾಮಾನನ್ನೆಲ್ಲ ಮನೆಯಿಂದ ತಂದು, ಸೈಕಲ್ಲಿಗೆ ಕಟ್ಟಿ, ನೀರಿನ ಟ್ಯಾಂಕಿನ ದಿಬ್ಬ ಹತ್ತಿ, ಆಚೆ ಕಡೆ ಇಳಿದು, ಕಾಲುವೆ ದಾರಿಯಲ್ಲಿ ಸುತ್ತಿ ಬರಬೇಕು. ಅದಾಗದೆ ಅವಳು ಸೈಕಲ್ ಮಾರುವುದಿಲ್ಲ.

"ಖಾಲಿ ಸೈಕಲ್ಲು ನಿಶ್ಚಿತಾರ್ಥ ಆದ ಹುಡುಗನ ಹಾಗೆ. ಎಲ್ಲರಿಗೂ ಒಳ್ಳೇದಾಗೇ ಕಾಣುತ್ತೆ. ಸಂಸಾರ ಹೇರಿದ ಮೇಲೆ ತಾನೇ ಬಣ್ಣ ಗೊತ್ತಾಗೋದು?" ಎಂದು ಅವಳು ಫೋನಿನಲ್ಲೇ ಹೇಳಿದ್ದಳು.

ಆ ಮಾತು ನನಗೆ ಕೂಡಲೇ ಹಿಡಿಸಿತ್ತು. ನಾನು ಹಲ್ಲಿನ ಸೆಟ್ಟು ತಯಾರಿಸುವ ಲ್ಯಾಬಿನಲ್ಲಿ ಕೆಲಸ ಮಾಡುವವಳು. ಬಾಯಲ್ಲಿ ಸುಮ್ಮನೆ ಇಟ್ಟುಕೊಂಡು ಕನ್ನಡಿ ನೋಡಿ ನಗುವುದಕ್ಕೆ ಯಾವ ಸೆಟ್ಟಾದರೂ ಸರಿಯೇ. ಎಲ್ಲಿ ಒತ್ತುತ್ತದೆ, ಎಲ್ಲಿ ಕದಲುತ್ತದೆ ಅನ್ನುವುದು ಅಗಿಯಲು ಹೊರಟಾಗ ತಿಳಿಯುತ್ತದೆ. ಆದರೆ ಅವಳ ನಿಯಮದಿಂದ ನನಗೊಂದು ಕಷ್ಟ ಒದಗಿತ್ತು. ಸಾಮಾನನ್ನೆಲ್ಲ ತರಬೇಕೆಂದರೆ, ಬೀರುವಿನಲ್ಲಿ ಚಳಿಗಾಲದ ಹೊದಿಕೆಗಳ ಹಿಂದೆ ಬಚ್ಚಿಟ್ಟಿದ್ದನ್ನೂ ತರಬೇಕಾಗಿತ್ತು.

"ನೀನ್ಯಾಕೆ ಹೊರ್ತೀಯೇ? ಟೆಂಟು ನನ್ನ ಚೀಲದಲ್ಲೇ ಇದೆಯಲ್ಲ" ಎಂದರು ಇವರು.

ನಾನು ನನ್ನ ಚೀಲದ ಬಾಯಿ ಬಿಚ್ಚಿದೆ. ಹಸಿರು ಸುರುಳಿಯೊಂದನ್ನು ಹೊರಗೆಳೆದು ಬೆಂಚಿನ ಮೇಲಿಟ್ಟೆ.

ಇವರು ಅದನ್ನು ಎತ್ತಿ ತೂಗಿ ನೋಡಿದರು. ಮೇಲಿನ ಚೀಟಿ ಓದಿದರು. "ಇದು ಒಬ್ಬರೇ ಮಲಗೋ ಟೆಂಟು."

"ಹೂಂ."

"ಯಾಕೇ, ನಾನು ಅಷ್ಟೊಂದು ಗೊರಕೆ ಹೊಡೀತೀನಾ?" ಎಂದು ನಕ್ಕರು. ಪಾನಾ ಅಕ್ಕನೂ ತನ್ನೊಂದಿಗೆ ನಗಲಿ ಎಂದು ಅವಳತ್ತ ನೋಡಿದರು. ಅವಳು ನಗಲಿಲ್ಲ. ಪಾನಾ ತೆಗೆದು, ಬಿಗಿಯಾಗೇ ಇದ್ದ ಒಂದು ನಟ್ಟನ್ನು ಇನ್ನಷ್ಟು ಬಿಗಿ ಮಾಡತೊಡಗಿದಳು.

ಇವರ ಕೆಲಸ ಬಸ್ ಡಿಪೋದಲ್ಲಿ. ಯಾವ ಬಸ್ಸು ಎಷ್ಟು ಹೊತ್ತಿಗೆ ಯಾವ ಸ್ಟಾಪಿನಲ್ಲಿರಬೇಕು ಎಂದು ವೇಳಾಪಟ್ಟಿ ಮಾಡುತ್ತಾರೆ. ಸೈಕಲ್ ತುಳಿಯುವಾಗಲೂ ಅವರ ತಲೆಯಲ್ಲಿ ಅದೇ. "ಮುಂದಿನ ಸ್ಟಾಪಲ್ಲಿ ಸಿಗ್ತೀನಿ" ಎಂದು ಹೇಳಿ ಹೋಗಿಬಿಡುತ್ತಾರೆ. ಒಮ್ಮೆ ನಾನು, ಹಿಂದಕ್ಕೆ ಬಂದು ನೋಡಬಾರದೇ ಎಂದು ಕೇಳಿದ್ದಕ್ಕೆ, "ಬಸ್ಸು ಎಲ್ಲಾದರೂ ಹಿಂದಕ್ಕೆ ಬರುತ್ತೇನೇ?" ಎಂದು ನಕ್ಕಿದ್ದರು. ಕೆಟ್ಟವರಲ್ಲ. ಭಾರವನ್ನೆಲ್ಲ ತಾವೇ ಹೇರಿಕೊಳ್ಳುತ್ತಾರೆ. ಟೆಂಟು, ಒಲೆ, ಪಂಪು, ಮಳೆಯ ಕೋಟು, ಬೆಂಕಿಪೊಟ್ಟಣ, ಎಲ್ಲವೂ ಅವರ ಸೈಕಲ್ಲಿನ ಮೇಲೆ. "ನೀನು ಆರಾಮಾಗಿ ಕೈಬೀಸ್ಕೊಂಡು ಬಾ" ಅನ್ನುತ್ತಾರೆ. ಅದನ್ನು ಪ್ರೀತಿ ಎಂದೇ ನಾನೂ ತಿಳಿದಿದ್ದೆ. ಈಗಲೂ ಅದು ಪ್ರೀತಿಯಲ್ಲ ಎಂದು ಹೇಳಲಾರೆ.

ಹೋದ ವರ್ಷ ಬೆಟ್ಟದ ದಾರಿಯಲ್ಲಿ ನನ್ನ ಹಿಂದಿನ ಚಕ್ರ ಪಂಕ್ಚರ್ ಆಯಿತು. ಇವರು ಆಗಲೇ ಎರಡು ತಿರುವು ದಾಟಿ ಹೋಗಿದ್ದರು. ಕೂಗಿದೆ. ಗಾಳಿ ಎದುರಿನಿಂದ ಬೀಸುತ್ತಿತ್ತು. ಫೋನಿಗೆ ಸಿಗ್ನಲ್ ಇರಲಿಲ್ಲ. ಆಮೇಲೆ ಆಲಿಕಲ್ಲು ಬೀಳತೊಡಗಿತು. ಕೈಬೀಸಿಕೊಂಡು ಬಂದವಳ ಹತ್ತಿರ ಏನಿರುತ್ತದೆ? ಒಂದು ಬಾಟಲಿ ನೀರು, ಒಂದು ಕರವಸ್ತ್ರ. ರಸ್ತೆಯ ಕೆಳಗಿನ ಮೋರಿಯೊಳಗೆ ಹೊಕ್ಕು ಕೂತೆ. ಬೆರಳುಗಳು ಮೊದಲು ಉರಿದವು, ಆಮೇಲೆ ಅವು ನನ್ನವೇ ಅನ್ನಿಸದಾದವು. ಹಲ್ಲು ಕಟಕಟ ಅನ್ನುವುದು ನಿಂತಾಗ, ಅಬ್ಬ ಚಳಿ ಹೋಯಿತು ಎಂದುಕೊಂಡೆ. ಇಲ್ಲೇ ಸ್ವಲ್ಪ ಮಲಗಿದರಾಯಿತು ಅನ್ನಿಸಿತು. ಆ ಅನ್ನಿಸಿಕೆ ಎಷ್ಟು ಮೆತ್ತಗಿತ್ತೆಂದರೆ ಇವತ್ತಿಗೂ ಅದನ್ನು ನೆನೆದರೆ ಬೆನ್ನಿನಲ್ಲಿ ನೀರು ಹರಿದ ಹಾಗಾಗುತ್ತದೆ. ನನ್ನನ್ನು ಎಬ್ಬಿಸಿದ್ದು ಮೇಲೆ ಹಾದುಹೋದ ಒಂದು ಲಾರಿಯ ಸದ್ದು, ಅಷ್ಟೇ. ಸೈಕಲ್ ತಳ್ಳಿಕೊಂಡು ಕತ್ತಲಾಗುವ ಹೊತ್ತಿಗೆ ತಂಗುವ ಜಾಗ ಮುಟ್ಟಿದೆ. ಟೆಂಟು ಎದ್ದು ನಿಂತಿತ್ತು. ಇವರು ಲೋಟ ಹಿಡಿದುಕೊಂಡು ಎದುರಿಗೆ ಬಂದು, "ಎಲ್ಲಿ ಹೋಗಿದ್ಯೇ ಬಸವನಹುಳು? ಟೀ ಆರಿಹೋಯ್ತು!" ಎಂದರು.

ಆ ಮಾತು ನಮ್ಮ ಮನೆಯ ನಗೆಹನಿಯಾಯಿತು. ನೆಂಟರು ಬಂದಾಗೆಲ್ಲ ಇವರು ಹೇಳುತ್ತಾರೆ. ಮೈದುನ ನಗುತ್ತಾನೆ, ಓರಗಿತ್ತಿ ನಗುತ್ತಾಳೆ, ನಾನೂ ನಗುತ್ತೇನೆ. ಮೋರಿಯ ವಿಷಯ ಯಾರಿಗೂ ಗೊತ್ತಿಲ್ಲ. ಏನಾಯಿತು ಎಂದು ಯಾರೂ ಕೇಳಲಿಲ್ಲ. ಕೇಳದೆ ಹೇಳುವುದು ದೂರಿದ ಹಾಗಾಗುತ್ತದೆ ಎಂದು ಬಾಯಿಗೆ ಬೀಗ ಹಾಕಿಕೊಂಡಿದ್ದೆ. ಈ ವರ್ಷದ ಪ್ರವಾಸ ಇನ್ನೂ ದೂರದ್ದು, ಇನ್ನೂ ಎತ್ತರದ್ದು. ನಾನು ಮನಸ್ಸಿನಲ್ಲೇ ಗಂಟು ಹಾಕಿಕೊಂಡಿದ್ದೆ: ನನ್ನ ಸೂರನ್ನು ನಾನೇ ಹೊರುವಂಥ ಸೈಕಲ್ ಸಿಕ್ಕರೆ ಹೋಗುವುದು. ಇಲ್ಲವಾದರೆ ಇಲ್ಲ. ಇವರ ಜೊತೆ ಹೋಗುವುದೋ, ಒಬ್ಬಳೇ ಹೋಗುವುದೋ, ಅದನ್ನು ಮಾತ್ರ ಇನ್ನೂ ಬಗೆಹರಿಸಿಕೊಂಡಿರಲಿಲ್ಲ.

ಸ್ಟ್ಯಾಂಡಿನ ಮೇಲೆ ಎರಡು ಸೈಕಲ್ ಇದ್ದವು. ಒಂದು ಬೆಳ್ಳಿ ಬಣ್ಣದ್ದು, ಒಂದೇ ಕೈಯಲ್ಲಿ ಎತ್ತಬಹುದು. ಇನ್ನೊಂದು ಸಾಸಿವೆ ಬಣ್ಣದ ಉಕ್ಕಿನದು. ಉದ್ದನೆಯ ಮೈ, ದಪ್ಪ ಟಯರು, ಮುಂದೆ ಹಿಂದೆ ಎರಡೂ ಕಡೆ ಚೀಲ ತೂಗುಹಾಕಲು ಕಂಬಿ.

"ಇದು ಜಿಂಕೆ, ಅದು ಎಮ್ಮೆ" ಎಂದರು ಇವರು. "ಯಾರಾದ್ರೂ ಜಿಂಕೆ ಬಿಟ್ಟು ಎಮ್ಮೆ ಹತ್ತುತಾರಾ?"

"ಜಿಂಕೆ ಮೇಲೆ ಯಾರಾದ್ರೂ ಮೂಟೆ ಹೇರ್ತಾರಾ ಸ್ವಾಮಿ?" ಎಂದಳು ಪಾನಾ ಅಕ್ಕ. ಆಮೇಲೆ ನನ್ನ ಕಡೆ ತಿರುಗಿ, "ಎರಡನ್ನೂ ಓಡಿಸಿ ನೋಡಿ. ನಾನು ಹೇಳಿದ್ರೆ ನನ್ನ ಮಾತಾಗುತ್ತೆ" ಎಂದಳು.

ಇವರ ಒತ್ತಾಯಕ್ಕೆ ಮೊದಲು ಬೆಳ್ಳಿಯದನ್ನೇ ತೆಗೆದುಕೊಂಡೆ. ಅದಕ್ಕೆ ಮುಂದೆ ಕಂಬಿ ಕೂರಿಸುವ ತೂತೇ ಇರಲಿಲ್ಲ. ಭಾರವೆಲ್ಲ ಹಿಂದಕ್ಕೆ ಬಿತ್ತು. ಹೊರಡುವ ಮುಂಚೆ ಪಾನಾ ಅಕ್ಕ ಹ್ಯಾಂಡಲ್ ಹಿಡಿದು ನಿಲ್ಲಿಸಿದಳು.

"ಇಳಿಜಾರಲ್ಲಿ ಸೈಕಲ್ಲು ತಲೆ ಅಲ್ಲಾಡಿಸಿದ್ರೆ ಹೆದರಬೇಡಿ. ಎರಡು ಮೊಣಕಾಲಲ್ಲೂ ಈ ಮೇಲಿನ ಕೊಳವೆಯನ್ನ ಅದುಮಿ ಹಿಡೀರಿ. ಹ್ಯಾಂಡಲ್ ಜೊತೆ ಗುದ್ದಾಡಬೇಡಿ. ಗುದ್ದಾಡಿದಷ್ಟೂ ಹುಚ್ಚು ಹಿಡಿಯುತ್ತೆ ಅದಕ್ಕೆ."

ಇವರು ತಮ್ಮ ಸೈಕಲ್ಲಿಗೆ ತಮ್ಮ ಸಾಮಾನು ಕಟ್ಟಿಕೊಂಡು ಜೊತೆಗೇ ಹೊರಟರು. ದಿಬ್ಬ ಹತ್ತುವಾಗ ಪ್ರತಿ ತುಳಿತಕ್ಕೂ ನನ್ನ ಹಿಮ್ಮಡಿ ಹಿಂದಿನ ಚೀಲಕ್ಕೆ ತಾಗುತ್ತಿತ್ತು. ಯಾರೋ ಹಿಂದಿನಿಂದ ಸೆರಗು ಎಳೆದ ಹಾಗೆ. ಟ್ಯಾಂಕಿನ ಬುಡ ತಲುಪಿದಾಗ ಇವರು ಆಗಲೇ ಬೆವರು ಒರೆಸಿಕೊಂಡು ತಯಾರಾಗಿದ್ದರು.

"ನೋಡಿದ್ಯಾ, ನೀನು ಎಷ್ಟು ಬೇಗ ಹತ್ತಿದೆ! ಜಿಂಕೆ ಅಂದ್ರೆ ಜಿಂಕೆ. ಸರಿ, ಕೆಳಗೆ ಕಾಲುವೆ ಹತ್ರ ಸಿಗ್ತೀನಿ."

"ರೀ, ಸ್ವಲ್ಪ..."

ಹೋಗಿಬಿಟ್ಟರು.

ನಾನೂ ಇಳಿದೆ. ಮೊದಲ ತಿರುವಿನವರೆಗೆ ಎಲ್ಲ ಸರಿಯಾಗಿತ್ತು. ಆಮೇಲೆ ಹ್ಯಾಂಡಲ್ಲಿನಲ್ಲಿ ಒಂದು ಸಣ್ಣ ನಡುಕ ಬಂತು, ಜ್ವರದವರ ಕೈ ಹಿಡಿದ ಹಾಗೆ. ವೇಗ ಏರಿತು. ನಡುಕ ಅಲ್ಲಾಟವಾಯಿತು. ಮುಂದಿನ ಚಕ್ರ ಎಡಕ್ಕೂ ಬಲಕ್ಕೂ ತಲೆ ಕೊಡವುತ್ತಿತ್ತು, ಹಿಂದಿನ ಚೀಲಗಳು ಅದಕ್ಕೆ ಎದುರಾಗಿ ತೂಗುತ್ತಿದ್ದವು. ಇಡೀ ಸೈಕಲ್ ನನ್ನ ಅಡಿಯಲ್ಲಿ ನಡುವೆ ಮುರಿದಂತೆ ಒದ್ದಾಡಿತು. ರಸ್ತೆಯ ಅಂಚಿಗೆ ಮೊಣಕಾಲೆತ್ತರದ ಕಲ್ಲುಗೋಡೆ, ಅದರಾಚೆ ಮರಗಳ ತುದಿಗಳಷ್ಟೇ ಕಾಣುತ್ತಿದ್ದವು. ಎದುರಿನಿಂದ ಒಂದು ವ್ಯಾನು ಹಾರ್ನ್ ಹೊಡೆಯುತ್ತ ಬರುತ್ತಿತ್ತು. ನನ್ನ ಕೈಗಳು ತಮ್ಮಷ್ಟಕ್ಕೆ ಹ್ಯಾಂಡಲ್ಲನ್ನು ಹಿಸುಕಿದವು, ಅಲ್ಲಾಟ ಇನ್ನೂ ಹೆಚ್ಚಿತು. ಮೊಣಕಾಲು, ಎಂದು ನೆನಪಾಯಿತು. ಮೊಣಕಾಲು. ಎರಡನ್ನೂ ಒಳಕ್ಕೆ ತಂದು ಕೊಳವೆಯನ್ನು ಅದುಮಿದೆ. ಬೆರಳು ಸಡಿಲಿಸುವುದು ಅದಕ್ಕಿಂತ ಕಷ್ಟವಾಯಿತು. ಒಂದೊಂದನ್ನೇ ಒಪ್ಪಿಸಬೇಕಾಯಿತು. ವ್ಯಾನು ಗಾಳಿ ಎರಚಿ ಹಾದುಹೋಯಿತು. ಅಲ್ಲಾಟ ನಡುಕವಾಗಿ, ನಡುಕ ನಿಂತು, ಬ್ರೇಕಿಗೆ ಮೆಲ್ಲಗೆ ಬಗ್ಗಿ, ಸೈಕಲ್ ರಸ್ತೆ ಪಕ್ಕದ ಹುಲ್ಲಿನ ಮೇಲೆ ನಿಂತಿತು.

ನಾನು ಇಳಿಯಲಿಲ್ಲ, ಹೆಚ್ಚುಕಡಿಮೆ ಉರುಳಿದೆ. ಅಂಗೈ ಸ್ವಲ್ಪ ತರಚಿತು. ಎದ್ದು ಕೂತೆ. ಕೆಳಗೆ ದಾರಿ ಖಾಲಿಯಾಗಿತ್ತು. ಇವರು ಕಾಣಲಿಲ್ಲ.

ಅದೇ ಖಾಲಿ ದಾರಿ. ಆದರೆ ಈ ಸಲ ನನ್ನ ಹತ್ತಿರ ಎಲ್ಲ ಇತ್ತು. ನೀರು, ಟೆಂಟಿನ ಜೊತೆಗೇ ಕೊಂಡಿದ್ದ ಪುಟ್ಟ ಒಲೆ, ಕೋಟು, ಬಿಸ್ಕತ್ತು, ಸೂರು. ನಿಂತಲ್ಲೇ ಟೆಂಟಿನ ಸುರುಳಿ ಬಿಚ್ಚಿದೆ. ಯಾಕೆ ಎಂದು ನನಗೂ ಸ್ಪಷ್ಟವಿರಲಿಲ್ಲ. ಕೈಗೆ ಕೆಲಸ ಬೇಕಿತ್ತು. ಗೂಟಗಳನ್ನು ಹುಲ್ಲಿಗೆ ಒತ್ತಿ ಕಂಬ ಏರಿಸಿದೆ. ಹಾಡಹಗಲಲ್ಲಿ ರಸ್ತೆ ಬದಿ ಟೆಂಟು ಹಾಕಿ ಟೀಗೆ ನೀರಿಟ್ಟ ಹೆಂಗಸನ್ನು ನೋಡಿ ಸ್ಕೂಟರಿನವನೊಬ್ಬ ಕತ್ತು ತಿರುಗಿಸಿಕೊಂಡೇ ಹೋದ.

ಫೋನು ಬಡಿದುಕೊಂಡಿತು.

"ಎಲ್ಲಿದ್ದೀಯೇ?"

"ಮೇಲೆ."

"ಮೇಲೆ ಏನು ಮಾಡ್ತಿದೀಯಾ? ಬಾ, ನಾನು ಕಾಲುವೆ ಹತ್ರ ಕಾಯ್ತಾ ಇದೀನಿ."

"ನೀವೇ ಬನ್ನಿ."

"ಏನು?"

"ನೀವೇ ಹತ್ತಿ ಬನ್ನಿ ಅಂದೆ."

"ಮತ್ತೆ ಇಡೀ ದಿಬ್ಬಾನಾ? ಈ ಸಾಮಾನೆಲ್ಲ ಹೊತ್ಕೊಂಡು? ತಮಾಷೆ ಮಾಡ್ತಿದೀಯಾ?"

"ಇಲ್ಲ."

"ಪಂಕ್ಚರ್ರಾ? ಬಿದ್ದೆಯಾ?"

"ಬಂದು ನೋಡಿ."

ಫೋನು ಕಟ್ಟಾಯಿತು.

ಸಿಟ್ಟಾಗಿ ಅಂಗಡಿಗೇ ಹೋಗಿರಬಹುದು. ಹೋಗಲಿ. ಹೋದರೆ ನನ್ನ ಲೆಕ್ಕ ಸುಲಭವಾಗುತ್ತದೆ: ಸಾಸಿವೆ ಬಣ್ಣದ್ದನ್ನು ಕೊಳ್ಳುವುದು, ಬೇರೆ ದಾರಿ ಹಿಡಿಯುವುದು. ಹಾಗೆಂದುಕೊಂಡವಳು ತಿರುವಿನಿಂದ ಕಣ್ಣು ಕೀಳಲಾರದೆ ಕೂತಿದ್ದೆ. ಇಷ್ಟು ವರ್ಷ ಸಂಸಾರ ಮಾಡಿಯೂ, ಈ ಮನುಷ್ಯ ಒಂದು ದಿಬ್ಬ ಹಿಂದಕ್ಕೆ ಹತ್ತುತ್ತಾನೋ ಇಲ್ಲವೋ ನನಗೆ ಗೊತ್ತಿರಲಿಲ್ಲವಲ್ಲ. ನೀರು ಕುದಿಯಿತು. ಟೀಪುಡಿ, ಹಾಲಿನ ಪುಡಿ ಹಾಕಿದೆ. ಎರಡು ಲೋಟಕ್ಕೆ ಸುರಿದೆ. ನನ್ನದನ್ನು ಕುಡಿದು ಮುಗಿಸಿದೆ. ಇನ್ನೊಂದರ ಮೇಲೆ ಕೆನೆ ಕಟ್ಟಿತು.

ಮೊದಲು ಕಂಡದ್ದು ಅವರ ತಲೆ. ಆಮೇಲೆ ಹ್ಯಾಂಡಲ್ ಮೇಲೆ ಬಗ್ಗಿದ ಭುಜ. ತುಳಿಯುತ್ತಿರಲಿಲ್ಲ, ತಳ್ಳಿಕೊಂಡು ಬರುತ್ತಿದ್ದರು. ಮುಖ ಕೆಂಪಾಗಿತ್ತು, ಅಂಗಿ ಮೈಗೆ ಅಂಟಿತ್ತು. ಟೆಂಟು ನೋಡಿದರು, ಬೆಳ್ಳಿ ಸೈಕಲ್ ಹುಲ್ಲಲ್ಲಿ ಬಿದ್ದಿದ್ದನ್ನು ನೋಡಿದರು, ನನ್ನ ಅಂಗೈ ನೋಡಿದರು. ಸೈಕಲ್ಲನ್ನು ಗೋಡೆಗೆ ಒರಗಿಸಿ, ನನ್ನ ಪಕ್ಕದಲ್ಲಿ ಕುಕ್ಕರಿಸಿ, ಲೋಟ ಎತ್ತಿಕೊಂಡರು.

"ಆರಿಹೋಗಿದೆ" ಎಂದೆ.

ಅವರ ಕೈ ತುಟಿಯ ಹತ್ತಿರ ನಿಂತಿತು. ನಾನು ಚುಚ್ಚಲೆಂದು ಹೇಳಿದ್ದಲ್ಲ. ನಿಜಕ್ಕೂ ಆರಿತ್ತು. ಅವರು ಪೂರ್ತಿ ಕುಡಿದು ಲೋಟ ಕೆಳಗಿಟ್ಟರು.

"ಆವತ್ತು ಬೆಟ್ಟದಲ್ಲಿ ಏನಾಯ್ತೇ?"

ಹೇಳಿದೆ. ಮೋರಿ, ಬೆರಳು, ಹಲ್ಲಿನ ಸದ್ದು ನಿಂತದ್ದು, ಮಲಗಬೇಕೆನ್ನಿಸಿದ್ದು. ಲ್ಯಾಬಿನಲ್ಲಿ ಕೆಲಸದ ವರದಿ ಒಪ್ಪಿಸುವ ಹಾಗೆ ಹೇಳಿದೆ, ಇಲ್ಲದಿದ್ದರೆ ಮುಗಿಸಲು ಆಗುತ್ತಿರಲಿಲ್ಲ. ಕೊನೆಗೆ ಅವರು, "ನಾನು ಅದನ್ನ ಎಲ್ಲರ ಮುಂದೆ..." ಎಂದು ಶುರುಮಾಡಿ ಅಲ್ಲಿಗೇ ಬಿಟ್ಟರು. ನಾನೂ ಪೂರ್ತಿ ಮಾಡಿಕೊಡಲಿಲ್ಲ. ಕೆಲವು ವಾಕ್ಯಗಳು ಅರ್ಧಕ್ಕೇ ನಿಂತಿದ್ದರೆ ಒಳ್ಳೆಯದು.

ಟೆಂಟು ಮಡಚುವಾಗ ಒಂದು ತುದಿ ಹಿಡಿದರು. "ಇದರಲ್ಲಿ ಇಬ್ಬರು ಹಿಡಿಯೋದೇ ಇಲ್ವಾ?"

"ಇಲ್ಲ."

"ಹಾಗಾದ್ರೆ ನಮ್ಮ ದೊಡ್ಡದನ್ನೂ ಹೊತ್ಕೊಂಡು ಬರ್ತೀನಿ, ಹಾಂ? ನಿನಗೆ ಇಷ್ಟ ಬಂದ ಕಡೆ ಮಲಗು."

ನಾನು ಸುರುಳಿಯನ್ನು ನನ್ನ ಚೀಲಕ್ಕೆ ತುರುಕಿದೆ. ಇಳಿಯುವಾಗ ನಾನು ಬ್ರೇಕ್ ಹಿಡಿದು ಆಮೆಯ ಹಾಗೆ ಮುಂದೆ ಹೋದೆ. ಅವರ ಬ್ರೇಕಿನ ಕಿರುಚಾಟ ಹಿಂದೆಯೇ ಬರುತ್ತಿತ್ತು. ತಿರುಗಿ ನೋಡಬೇಕಾಗಿರಲಿಲ್ಲ.

ಪಾನಾ ಅಕ್ಕ ನನ್ನ ಅಂಗೈ ನೋಡಿ ಹತ್ತಿಯನ್ನೂ ಔಷಧಿಯನ್ನೂ ತಂದಳು.

"ಎಮ್ಮೆ ಕೊಡಿ" ಎಂದೆ.

"ಓಡಿಸದೆ ಹೇಗೆ ಕೊಡ್ಲಿ? ಮೂಟೆ ಬಿಚ್ಚಿ, ಅದಕ್ಕೆ ಕಟ್ಟಿ. ಅರ್ಧ ಮುಂದೆ, ಅರ್ಧ ಹಿಂದೆ. ದಿಬ್ಬ ಹತ್ತಿ ಬನ್ನಿ, ಆಮೇಲೆ ಮಾತು."

"ಮತ್ತೆ ದಿಬ್ಬಾನಾ!" ಎಂದು ಇವರು ಬೆಂಚಿನ ಮೇಲೆ ಕುಸಿದರು.

"ನೀವೇನು ಬರಬೇಕಾಗಿಲ್ಲ ಸ್ವಾಮಿ. ಸೈಕಲ್ಲು ಅವರದು."

ನಾನು ಚೀಲಗಳನ್ನು ಬಿಚ್ಚಿ ಸಾಸಿವೆ ಬಣ್ಣದ ಸೈಕಲ್ಲಿಗೆ ಕಟ್ಟತೊಡಗಿದೆ. ಟೆಂಟನ್ನು ಮುಂದೆ, ಕೆಳಗೆ, ಚಕ್ರದ ಪಕ್ಕಕ್ಕೆ. ಹ್ಯಾಂಡಲ್ ಅಲ್ಲಾಡಿಸಿ ನೋಡಿದೆ. ಭಾರವಾಗಿತ್ತು, ಆದರೆ ಆ ಭಾರ ನೆಲಕ್ಕೆ ಹತ್ತಿರವಿತ್ತು. ಬಾಗಿಲು ದಾಟುವಾಗ ಹಿಂದಿನಿಂದ ಬೆಂಚು ಕಿರುಗುಟ್ಟಿತು.

"ತಡಿಯೇ, ನಾನೂ ಬರ್ತೀನಿ."

"ಬನ್ನಿ" ಎಂದೆ. "ಹಿಂದೆ."