ಬೆಂಡು ಹೋದ ದಿಕ್ಕು

"ಓರೆ ಮಾಡ್ರೋ, ಓರೆ! ತಲೆ ಕಡೆಯೋರು ಎತ್ತಿ, ಕಾಲು ಕಡೆಯೋರು ಇಳಿಸಿ. ಅಯ್ಯೋ, ಗೋಡೆಗೆ ತಾಗ್ತಾ ಇದೆ ಕಣ್ರೋ!"

ಕೂಗುತ್ತಿದ್ದವನು ಬೊಬ್ಬೆ. ದೋಣಿಯ ಚಾಲಕ. ಆ ಅಡ್ಡಹೆಸರು ಇಟ್ಟವರು ಯಾರೋ, ಅಳತೆ ತೆಗೆದು ಹೊಲಿದ ಅಂಗಿಯಂತೆ ಅವನಿಗೆ ಕೂತಿತ್ತು. ಶವಪೆಟ್ಟಿಗೆ ಬಾಗಿಲಲ್ಲಿ ಸಿಕ್ಕಿಕೊಂಡಿತ್ತು. ಖಾಲಿಯಾಗಿದ್ದಾಗ ಸಲೀಸಾಗಿ ಒಳಗೆ ಬಂದದ್ದು, ಈಗ ಆರು ಜನ ಹೆಗಲು ಕೊಟ್ಟ ಮೇಲೆ ಹೊರಗೆ ಹೋಗಲೊಲ್ಲದು. ದೋಣಿಯನ್ನು ಬಂದರಿನ ಕಟ್ಟೆಗೆ, ಅಂದರೆ ಧಕ್ಕೆಗೆ, ತಾಗದಂತೆ ನಿಲ್ಲಿಸುವಾಗ ಮಾಡುವ ಹಾಗೆ ಬೊಬ್ಬೆ ಎರಡೂ ಕೈ ಬೀಸುತ್ತಿದ್ದ.

"ಬದುಕಿದ್ದಾಗ್ಲೂ ಹೀಗೇ ಇತ್ತು. ಮನೆ ಬಿಟ್ಟು ಹೊರಡೋ ಹೊತ್ತಿಗೆ ಚಪ್ಪಲಿ ಎಲ್ಲಿ, ಕನ್ನಡಕ ಎಲ್ಲಿ ಅಂತ ಸತಾಯಿಸ್ತಿದ್ದ," ಎಂದಳು ಐಸ್ ಅತ್ತೆ, ಮೂಗು ಒರೆಸಿಕೊಳ್ಳುತ್ತ. ಐಸ್ ಕಾರ್ಖಾನೆಯಲ್ಲಿ ಕೆಲಸ ಮಾಡುವ ಆಕೆ ಪಕ್ಕದ ಮನೆಯವಳು. ಅಳುತ್ತಿದ್ದವರಲ್ಲಿ ಇಬ್ಬರು ನಕ್ಕೇ ಬಿಟ್ಟರು, ಆಮೇಲೆ ಇನ್ನೂ ಜೋರಾಗಿ ಅತ್ತರು.

ಸತ್ತವನನ್ನು ಬಂದರಿನಲ್ಲಿ ಎಲ್ಲರೂ ಸೆಳವು ಮಾಮ ಅನ್ನುತ್ತಿದ್ದರು. ಸಮುದ್ರದ ನೀರು ಒಳಗೊಳಗೇ ಯಾವ ಕಡೆ ಎಳೆಯುತ್ತಿದೆ ಎಂದು ಅವನಿಗೆ ತಿಳಿದಷ್ಟು ಮೀನಿಗೂ ತಿಳಿಯದು ಅನ್ನುವುದು ಅಲ್ಲಿಯ ಮಾತು. ಕಣ್ಣಿಗೆ ಪೊರೆ ಬಂದ ಮೇಲೆ ಚುಕ್ಕಾಣಿ ಬಿಟ್ಟು, ಅಂಗಳದಲ್ಲಿ ಕೂತು ಬಲೆ ಸರಿಮಾಡುತ್ತಿದ್ದ. ನಿನ್ನೆ ಬೆಳಿಗ್ಗೆಯೂ ಹಾಗೇ ಕೂತಿದ್ದ. ಹೆಂಡತಿ ಟೀ ತಂದಿಟ್ಟು, "ಆರೋಗುತ್ತೆ, ಕುಡೀರಿ" ಎಂದು ಒಳಗೆ ಹೋದಳು. ಮತ್ತೆ ಬಂದಾಗ ಟೀ ಮೇಲೆ ಕೆನೆ ಕಟ್ಟಿತ್ತು. ಕೈಯಲ್ಲಿ ದಾರದ ಉಂಡೆ ಹಾಗೇ ಇತ್ತು, ತಲೆ ಬಾಗಿತ್ತು. ನಿನ್ನೆಯಿಂದ ಆಕೆ ಯಾರು ಏನು ಕೇಳಿದರೂ "ಟೀ ಕುಡೀಲೇ ಇಲ್ಲ" ಎಂದಷ್ಟೇ ಹೇಳುತ್ತಿದ್ದಳು.

ಮಗಳಿಗೆ ಅಳು ಬಂದಿರಲಿಲ್ಲ. ಅಪ್ಪ ಸತ್ತ ಅನ್ನುವುದು ಕಿವಿಗೆ ಬಿದ್ದಿತ್ತು, ಒಳಗೆ ಇಳಿದಿರಲಿಲ್ಲ. ಪೆಟ್ಟಿಗೆ ಮುಚ್ಚುವ ಮೊದಲು ಅಪ್ಪನ ಅಂಗಿಯ ಜೇಬಿಗೆ ಬಲೆಯ ಒಂದು ಬೆಂಡು ಇಟ್ಟಿದ್ದಳು. ನೀರಲ್ಲಿ ಬಲೆ ತೇಲಿಸುವ, ಕೈಮುಷ್ಟಿಯಷ್ಟಿನ ಆ ಬೆಂಡು ಅವನ ಸಂಜೆಯ ಆಟದ ಸಾಮಾನು.

ಹೊರಗೆ ಮೀನುಗಾರಿಕೆ ಇಲಾಖೆಯ ಸಾಹೇಬರು ಹೂವಿನ ಚಕ್ರ ಹಿಡಿದು ನಿಂತಿದ್ದರು. ಅವಳ ಮೇಲಧಿಕಾರಿ. ದಡಕ್ಕೆ ಬರುವ ಮೀನನ್ನು ಇಲಾಖೆಯ ಪರವಾಗಿ ತೂಗುವುದು ಅವಳ ಕೆಲಸ, ಬಂದರಿನವರು ಅವಳಿಗೆ ಇಟ್ಟ ಹೆಸರು 'ತಕ್ಕಡಿ'.

"ಈ ಬಂದರಿನಲ್ಲಿ ಮೀನಿನ ಮಿತಿ ಅನ್ನೋದು ಉಳಿದಿದ್ರೆ ಅದು ನಿಮ್ಮ ತಂದೆಯಿಂದ, ಅಮ್ಮಾ," ಎಂದರು ಸಾಹೇಬರು. "ಬೇರೆ ಕಡೆಯೆಲ್ಲ ಕದ್ದು ಇಳಿಸ್ತಾರೆ. ಇಲ್ಲಿ ಒಂದು ಬುಟ್ಟಿ ಹೆಚ್ಚು ಕಮ್ಮಿ ಇಲ್ಲ. ಆದ್ರೂ ಮೀನು ಯಾಕೋ ಚೇತರಿಸಿಕೊಳ್ತಿಲ್ಲ, ಅದೇ ಅರ್ಥ ಆಗ್ತಿಲ್ಲ ನನಗೆ."

"ದೇವರಂಥ ಮನುಷ್ಯ ಸಾರ್," ಎಂದ ಬೊಬ್ಬೆ ಥಟ್ಟನೆ. ಸತ್ತೆಮ್ಮೆಗೆ ಹತ್ತು ಸೇರು ಹಾಲು ಎಂದು ಬೇರೆ ಯಾರಾದರೂ ಮನಸ್ಸಿನಲ್ಲೇ ಅಂದುಕೊಳ್ಳುತ್ತಿದ್ದರೇನೋ. ಮಗಳಿಗೆ ಮಾತ್ರ ಎದೆ ತುಂಬಿ ಬಂತು. ಅಪ್ಪನ ಬಗ್ಗೆ ಅವಳಿಗಿದ್ದ ಹೆಮ್ಮೆಯೆಲ್ಲ ಆ ಒಂದು ಮಾತಿನಲ್ಲೇ ಇತ್ತು.

*

ನೀಲಿಬೆನ್ನು ಅನ್ನುವ ಮೀನೇ ಆ ಬಂದರಿನ ಅನ್ನ. ವರ್ಷದಿಂದ ವರ್ಷಕ್ಕೆ ಅದು ಕಮ್ಮಿಯಾಗುತ್ತ, ಚಿಕ್ಕದಾಗುತ್ತ ಬಂದಿತ್ತು. ಕೊನೆಗೆ ಸರ್ಕಾರ ತುರ್ತು ಮಿತಿ ಹಾಕಿತು. ಒಂದು ದೋಣಿ ದಿನಕ್ಕೆ ಇಪ್ಪತ್ತು ಬುಟ್ಟಿಗಿಂತ ಹೆಚ್ಚು ದಡಕ್ಕೆ ತರುವಂತಿಲ್ಲ. ತಪ್ಪಿದರೆ ಮೀನು ಮುಟ್ಟುಗೋಲು, ಮತ್ತೆ ಮತ್ತೆ ತಪ್ಪಿದರೆ ಬಂದರೇ ಬಂದ್.

ಮೊದಲ ವಾರವೇ ಬೊಬ್ಬೆಯ ದೋಣಿಯಲ್ಲಿ ಮೂವತ್ತು ಬುಟ್ಟಿ ಬಂತು. ಚಿಕ್ಕಂದಿನಲ್ಲಿ ತನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ತಿರುಗಿದವನ ಮೀನನ್ನು ಅವಳು ಮುಟ್ಟುಗೋಲು ಹಾಕಿದಳು. ಮಾರನೆಯ ದಿನದಿಂದ ಧಕ್ಕೆಯಲ್ಲಿ ಅವಳ ಜೊತೆ ಮಾತಾಡುವವರಿಲ್ಲ. ಅಂಗಡಿಯವನು ಚಿಲ್ಲರೆಯನ್ನು ಕೈಗೆ ಕೊಡದೆ ಹಲಗೆಯ ಮೇಲಿಟ್ಟ. ಒಂದು ಬೆಳಿಗ್ಗೆ ಎದ್ದು ಬಾಗಿಲು ತೆಗೆದರೆ ಹೊಸ್ತಿಲ ಮೇಲೆ ಯಾರೋ ಮೀನಿನ ಕರುಳು ಸುರಿದಿದ್ದರು.

ಅವಳು ನಿಂತಲ್ಲೇ ನಿಂತುಬಿಟ್ಟಳು. ಅಪ್ಪ ಕೊಡದಲ್ಲಿ ನೀರು ತಂದು, ಪೊರೆ ಬಂದ ಕಣ್ಣಲ್ಲಿ ತಡಕಾಡುತ್ತ, ಹೊಸ್ತಿಲು ತೊಳೆದ.

"ಕೆಲಸ ಬಿಡ್ತೀನಪ್ಪ," ಎಂದಳು.

"ಯಾಕೆ ಬಿಡ್ತೀಯ? ಓದಿ ಗಳಿಸಿದ ಕೆಲಸ. ನಾನು ಮಾತಾಡ್ತೀನಿ ಅವರ ಹತ್ರ. ನಿನ್ನ ತಕ್ಕಡಿ ಮುಂದೆ ಇನ್ನು ಜಗಳಾನೇ ಆಗಲ್ಲ, ನೋಡ್ತಿರು."

ಅಂದು ಸಂಜೆ ಟೀ ಅಂಗಡಿಯಲ್ಲಿ ಚಾಲಕರನ್ನೆಲ್ಲ ಕೂರಿಸಿಕೊಂಡು ಏನು ಮಾತಾಡಿದನೋ. ಮರುದಿನದಿಂದ ಪ್ರತಿ ದೋಣಿಯೂ ಇಪ್ಪತ್ತೇ ಬುಟ್ಟಿ ತಂದಿತು. ಎಲ್ಲ ಒಳ್ಳೆ ಕೊಬ್ಬಿದ, ದೊಡ್ಡ ಮೀನು. ಬೊಬ್ಬೆ ಬಂದು, "ಏನ್ ತಂಗಿ, ಸಾಕಾ?" ಎಂದು ನಕ್ಕ. ಅವಳಿಗೆ ಹೋದ ಜೀವ ಬಂದಂತಾಯಿತು.

*

ಓಣಿ ಇಳಿದು, ಐಸ್ ಕಾರ್ಖಾನೆ ದಾಟಿ, ಧಕ್ಕೆಯ ಪಕ್ಕದ ಮರಳ ದಾರಿಯಲ್ಲೇ ಸ್ಮಶಾನಕ್ಕೆ ಹೋಗಬೇಕು. ಕಾರ್ಖಾನೆಯ ತಿರುವಿನಲ್ಲಿ ಹಕ್ಕಿಗಳ ಗದ್ದಲ ಕಿವಿ ಕಿತ್ತುಹೋಗುವಷ್ಟಿತ್ತು. ಮುಂದೆ ಹೆಗಲು ಕೊಟ್ಟಿದ್ದ ಇಬ್ಬರು ತಟ್ಟನೆ ನಿಂತರು. ಹಿಂದಿನವರು ಅವರಿಗೆ ಡಿಕ್ಕಿ ಹೊಡೆದರು.

"ನಡೀರೋ, ಯಾಕ್ ನಿಂತ್ರಿ?" ಎಂದ ಬೊಬ್ಬೆ. ಆಮೇಲೆ ಅವನಿಗೂ ಕಂಡಿತು. ಅವನ ಬಾಯಿ ತೆರೆದದ್ದು ತೆರೆದ ಹಾಗೇ ಉಳಿಯಿತು.

ಮರಳು ಕಾಣಿಸುತ್ತಿರಲಿಲ್ಲ. ಧಕ್ಕೆಯ ಮೆಟ್ಟಿಲಿನಿಂದ ಆಚೆಯ ತುದಿವರೆಗೂ ಸತ್ತ ನೀಲಿಬೆನ್ನು. ಬೆರಳುದ್ದದ್ದು, ಅಂಗೈಯಷ್ಟಿನದು, ಒಂದರ ಮೇಲೊಂದು ಮೊಣಕಾಲೆತ್ತರಕ್ಕೆ. ಅಲೆ ಬಂದಾಗಲೆಲ್ಲ ಇನ್ನಷ್ಟು ತಂದು ಸುರಿಯುತ್ತಿತ್ತು. ಹುಟ್ಟಿದಾಗಿನಿಂದ ಮೀನಿನ ನಡುವೆ ಬದುಕಿದ ಜನ, ಆದರೂ ಇಷ್ಟು ಹೆಣ ಒಟ್ಟಿಗೆ ನೋಡಿರಲಿಲ್ಲ. ಐಸ್ ಅತ್ತೆ ಬಾಯಿಗೆ ಸೆರಗು ಒತ್ತಿಕೊಂಡಳು.

ದಾರಿ ಇರುವುದು ಅದೊಂದೇ. ಹೊತ್ತವರು ಮೀನಿನ ಮೇಲೆಯೇ ಕಾಲಿಟ್ಟರು. ನಾಲ್ಕು ಹೆಜ್ಜೆ ಹೋಗುವಷ್ಟರಲ್ಲಿ ಒಬ್ಬ ಜಾರಿದ, ಶವಪೆಟ್ಟಿಗೆ ವಾಲಿತು. "ಹಿಡೀರೋ! ಹಿಡೀರೋ!" ಎಂದು ಎಲ್ಲರೂ ಕೂಗಿದರು. ಹತ್ತಿರದಲ್ಲಿ ಒಣಗಿದ್ದ ಎತ್ತರದ ಜಾಗವೆಂದರೆ ಮೀನು ತೂಗುವ ಕಬ್ಬಿಣದ ಕಟ್ಟೆ, ತಗಡಿನ ಸೂರಿನ ಕೆಳಗೆ. ತರಾತುರಿಯಲ್ಲಿ ಅದರ ಮೇಲೆ ಇಳಿಸಿದರು.

ದೊಡ್ಡ ತಕ್ಕಡಿಯ ಮುಳ್ಳು ನಡುಗುತ್ತ ಏರಿ ಒಂದು ಕಡೆ ನಿಂತಿತು. ಮಗಳ ಕಣ್ಣು ರೂಢಿಬಲದಿಂದ ಅತ್ತ ಹೋಯಿತು. ಅಪ್ಪನ ತೂಕ ಓದಿಬಿಟ್ಟಳು. ತನ್ನ ಬಗ್ಗೆಯೇ ಅವಳಿಗೆ ಥೂ ಅನ್ನಿಸಿತು.

ಅವಳ ಪಕ್ಕದಲ್ಲೇ ಬೊಬ್ಬೆಯ ದೋಣಿಯ ಇಂಜಿನ್ ಮೇಸ್ತ್ರಿ ಬೆವರು ಒರೆಸಿಕೊಳ್ಳುತ್ತಿದ್ದ. "ಬಂಡೆ ಹತ್ರ ಚೆಲ್ಬೇಡಿ ಅಂತ ಬಡ್ಕೊಂಡೆ," ಎಂದು ಗೊಣಗಿದ. "ಮಾಮ ಹೇಳಿದ ಜಾಗಕ್ಕೇ ಹೋಗ್ಬೇಕಿತ್ತು."

ಹೇಳಿದ ಮೇಲೆ ಅವಳನ್ನು ನೋಡಿ ನಾಲಿಗೆ ಕಚ್ಚಿಕೊಂಡ.

ಅವಳು ಬೊಬ್ಬೆಯ ತೋಳು ಹಿಡಿದು ಸೂರಿನ ಹಿಂದಕ್ಕೆ ಎಳೆದುಕೊಂಡು ಹೋದಳು. "ಅಣ್ಣ, ಮೇಸ್ತ್ರಿ ಏನಂದ? ಅಪ್ಪ ಹೇಳಿದ ಜಾಗ ಯಾವುದು?"

"ಈಗ ಬೇಡ ತಂಗಿ. ಮೊದಲು ಮಾಮನ್ನ ಮಣ್ಣು ಮಾಡೋಣ."

"ಹೇಳು."

ಬೊಬ್ಬೆಗೆ ಸಣ್ಣ ದನಿಯೂ ಇದೆ ಎಂದು ಅವಳಿಗೆ ಅಂದು ಗೊತ್ತಾಯಿತು. "ಇಪ್ಪತ್ತೇ ಬುಟ್ಟಿ ಬರ್ತೀವಿ ಅಂತ ಮೀನೇನು ಹೇಳಿ ಬರುತ್ತಾ? ಬಲೆ ಎಳೆದ್ರೆ ನೂರು ಬರುತ್ತೆ. ದೊಡ್ಡದು ಆರಿಸಿ ಇಪ್ಪತ್ತು ತುಂಬ್ತೀವಿ. ಮಿಕ್ಕಿದ್ದು ಅಷ್ಟೊತ್ತಿಗೆ ಸತ್ತಿರುತ್ತೆ, ಚೆಲ್ತೀವಿ. ಎಲ್ಲಿ ಚೆಲ್ಲಿದ್ರೆ ದಡಕ್ಕೆ ಬರದೆ ದೂರ ಹೋಗುತ್ತೆ ಅಂತ ಮಾಮ ದಿನಾ ಸಂಜೆ ಹೇಳ್ತಿದ್ರು. ನಿನ್ನೆ ಸಮುದ್ರದಲ್ಲಿದ್ದಾಗ ಸುದ್ದಿ ಬಂತು. ಮಾಮ ಹೇಳಿದ ಜಾಗ ದೂರ. ಒಂದ್ಸಲ ಮುಖ ನೋಡ್ಬೇಕು ಅನ್ನೋ ಆತುರ ತಂಗಿ, ಎಲ್ಲಾ ದೋಣಿಯವರೂ ಬಂಡೆ ಹತ್ರಾನೇ ಚೆಲ್ಲಿ ಓಡಿ ಬಂದ್ವಿ."

ದಿನಾ ಸಂಜೆ ಎಂದನಲ್ಲ ಅವನು. ಸಂಜೆ ಎಂದರೆ ಬೆಂಡಿನ ಹೊತ್ತು.

*

ದಿನಾ ಸಂಜೆ ಅವಳು ತಕ್ಕಡಿಗೆ ಬೀಗ ಹಾಕುವ ಹೊತ್ತಿಗೆ ಅಪ್ಪ ಧಕ್ಕೆಯ ಕೊನೆಯ ಮೆಟ್ಟಿಲಲ್ಲಿ ಕೂತಿರುತ್ತಿದ್ದ. ಜೇಬಿನಿಂದ ಬೆಂಡು ತೆಗೆದು ನೀರಿಗೆ ಎಸೆಯುತ್ತಿದ್ದ. ಅದಕ್ಕೆ ಉದ್ದನೆಯ ದಾರ ಕಟ್ಟಿರುತ್ತಿತ್ತು.

"ಎತ್ತ ಹೋಯ್ತು ನೋಡು ಮಗಾ. ನನ್ನ ಕಣ್ಣಿಗೆ ಎಲ್ಲಾ ಮಂಜು."

"ಬಂಡೆ ಕಡೆ ಹೋಗ್ತಿದೆ ಅಪ್ಪ. ಇಲ್ಲ ಇಲ್ಲ, ತಿರುಗ್ತು. ಈಗ ಹೊರಗಡೆ, ದೀಪದ ಕಂಬದ ಆಚೆ."

"ಜೋರಾಗಾ, ನಿಧಾನಕ್ಕಾ?"

"ನಿನ್ನ ಹಾಗೆ, ನಿಧಾನಕ್ಕೆ."

ಅಪ್ಪ ಹಲ್ಲಿಲ್ಲದ ಬಾಯಲ್ಲಿ ನಗುತ್ತಿದ್ದ. ದಾರ ಸುತ್ತಿಕೊಂಡು, ಅವಳ ಭುಜ ಹಿಡಿದು ಎದ್ದು, "ನೀನು ಮನೆಗೆ ನಡಿ, ನಾನು ಒಂದು ಟೀ ಕುಡಿದು ಬರ್ತೀನಿ," ಅನ್ನುತ್ತಿದ್ದ. ಸಮುದ್ರ ಬಿಟ್ಟ ಮುದುಕನಿಗೆ ಅದೊಂದು ಚಟ, ಇರಲಿ ಪಾಪ ಎಂದುಕೊಂಡಿದ್ದಳು. ದಿನದ ಆ ಹೊತ್ತಿಗಾಗಿ ಅವಳೂ ಕಾಯುತ್ತಿದ್ದಳು.

*

"ಅಮ್ಮ, ನಿನಗೆ ಗೊತ್ತಿತ್ತಾ?"

ಅಮ್ಮ ಕಟ್ಟೆಯ ಪಕ್ಕ ಕುಸಿದು ಕೂತಿದ್ದಳು. ಮಗಳ ಮುಖ ನೋಡದೆ ಹೇಳಿದಳು, "ಹೊಸ್ತಿಲು ತೊಳೆದ ದಿನ ರಾತ್ರಿಯೆಲ್ಲ ಮಲಗಲಿಲ್ಲ ಅವರು. ನನ್ನ ಮಗಳನ್ನ ಯಾರೂ ಶಪಿಸಬಾರದು ಕಣೆ ಅಂದ್ರು. ತಪ್ಪಿದ್ರೆ ಅದು ನೀರಲ್ಲೇ ಮುಗಿದು ಹೋಗ್ಲಿ, ಅವಳ ತಕ್ಕಡಿ ತನಕ ಬರೋದು ಬೇಡ ಅಂದ್ರು."

ಅಷ್ಟರಲ್ಲಿ ಸಾಹೇಬರು ಪ್ಯಾಂಟು ಮಡಚಿಕೊಂಡು ಮೀನಿನ ನಡುವೆ ಕಾಲಿಡುತ್ತ ಬಂದರು. ಮುಖ ಬಿಳಿಚಿತ್ತು. "ಏನಮ್ಮ ಇದು? ಏನಿದು? ಇಷ್ಟೊಂದು... ನೀರಿಗೆ ಏನಾದ್ರೂ ವಿಷ ಸೇರ್ತಾ? ರೋಗಾನಾ?"

"ರೋಗ ಸಾರ್, ರೋಗಾನೇ!" ಎಂದ ಬೊಬ್ಬೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಹೊತ್ತು ಬಂದ ಆರೂ ಜನ ಒಟ್ಟಿಗೆ ತಲೆಯಾಡಿಸಿದರು. "ಈ ಸಲ ನೀರು ಬಿಸಿ ಸಾರ್. ಅಲ್ವಾ ತಂಗಿ?"

ಎಲ್ಲರೂ ಅವಳನ್ನೇ ನೋಡಿದರು. ಹೂಂ ಅಂದರೆ ಸಾಕಿತ್ತು. ಅಪ್ಪ ಹೂವಿನ ಚಕ್ರದ ಜೊತೆ ದೇವರಂಥ ಮನುಷ್ಯನಾಗಿಯೇ ಮಣ್ಣು ಸೇರುತ್ತಿದ್ದ. ನಾಳೆ ದೋಣಿಗಳು ಹೊರಡುತ್ತಿದ್ದವು, ಅವಳು ಇಪ್ಪತ್ತು ಬುಟ್ಟಿ ತೂಗುತ್ತಿದ್ದಳು.

ಅವಳು ಬಗ್ಗಿ ಒಂದು ಮೀನು ಎತ್ತಿಕೊಂಡಳು. ಅಂಗೈಗಿಂತ ಚಿಕ್ಕದು. ಇನ್ನೂ ಒಂದು ಸಲವೂ ಮೊಟ್ಟೆಯಿಡದ ಮರಿ.

"ರೋಗ ಅಲ್ಲ ಸಾರ್," ಎಂದಳು. ದನಿ ಅವಳದೇ ಅನ್ನಿಸಲಿಲ್ಲ. "ಕಿವಿರಿನ ಹತ್ರ ನೋಡಿ, ಬಲೆ ಕುಯ್ದಿದೆ. ಇಷ್ಟರಲ್ಲಿ ದೊಡ್ಡದು ಒಂದಾದ್ರೂ ಇದೆಯಾ? ಇಲ್ಲ. ದೊಡ್ಡದನ್ನೆಲ್ಲ ನಾನು ತೂಗಿದೀನಿ."

"ಏ ಹುಚ್ಚಿ, ಬಾಯಿ ಮುಚ್ಚೇ," ಎಂದು ಐಸ್ ಅತ್ತೆ ಅವಳ ತೋಳು ಜಗ್ಗಿದಳು. "ಅಪ್ಪನ ಹೆಣ ಎದುರಿಗಿದೆ."

"ಅದಕ್ಕೇ ಅತ್ತೆ ಹೇಳ್ತಿರೋದು."

ಸಾಹೇಬರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಹೂವಿನ ಚಕ್ರವನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿದರು. "ಯಾವ ದೋಣಿ?"

"ಎಲ್ಲಾ ದೋಣಿ. ಎಲ್ಲಿ ಚೆಲ್ಬೇಕು ಅಂತ ಹೇಳ್ತಿದ್ದದ್ದು ಅಪ್ಪ." ಅವಳು ಮೀನನ್ನು ಕೆಳಗಿಟ್ಟಳು. "ನೀರು ಯಾವ ಕಡೆ ಹೋಗ್ತಿದೆ ಅಂತ ಅಪ್ಪಂಗೆ ಹೇಳ್ತಿದ್ದದ್ದು ನಾನು."

"ಹಾಗಾದ್ರೆ ಬಂದರು ಮುಚ್ಚಬೇಕಾಗುತ್ತೆ, ಗೊತ್ತಲ್ವಾ? ನಿಮ್ಮ ಕೆಲಸಾನೂ..."

"ಗೊತ್ತು ಸಾರ್."

ನಿನ್ನೆಯಿಂದ ಬಾರದಿದ್ದ ಅಳು ಆಗ ಬಂತು. ಅಳುತ್ತಲೇ ಅವಳು ತಕ್ಕಡಿಯ ಕಡೆ ನಡೆದಳು. "ಅಪ್ಪನ್ನ ಇಳಿಸಿ ಅಣ್ಣ. ಇದನ್ನೆಲ್ಲ ತೂಗ್ಬೇಕು."

"ತಂಗೀ!"

"ಚೆಲ್ಲಿದ್ದನ್ನ ಇವತ್ತಿನ ತನಕ ಯಾರೂ ತೂಗಿಲ್ಲ. ತೂಗಿದ ಮೇಲೆ ಹೋಗೋಣ. ಅಪ್ಪ ಕಾಯ್ತಾನೆ."

ಯಾರೂ ಅಲುಗಲಿಲ್ಲ. ಆಗ ಅಮ್ಮ ನೆಲಕ್ಕೆ ಕೈಯೂರಿ ಎದ್ದಳು. ಮೂಲೆಯಲ್ಲಿದ್ದ ಖಾಲಿ ಬುಟ್ಟಿ ಎಳೆದುಕೊಂಡು, ಮೀನಿನ ರಾಶಿಯ ಮುಂದೆ ಕೂತು, ಎರಡೂ ಕೈಯಿಂದ ಬಾಚಿ ತುಂಬತೊಡಗಿದಳು. ಸ್ವಲ್ಪ ಹೊತ್ತಿನ ಮೇಲೆ ಐಸ್ ಅತ್ತೆ ಬೈದುಕೊಳ್ಳುತ್ತಲೇ ಹೋಗಿ ಅವಳ ಪಕ್ಕ ಕೂತಳು. ಬೊಬ್ಬೆ ಹೆಗಲು ಕೊಟ್ಟ, ಹೊತ್ತು ಬಂದ ಆರೂ ಜನ ಕೊಟ್ಟರು. ಶವಪೆಟ್ಟಿಗೆ ಎತ್ತಿದಾಗ ಮುಳ್ಳು ಸರ್ರನೆ ಇಳಿದು ಸೊನ್ನೆಗೆ ಬಂತು.

ಕಟ್ಟೆಯ ಪಕ್ಕದಲ್ಲೇ ಪೆಟ್ಟಿಗೆಯನ್ನು ಇಳಿಸಿದರು. ತುಂಬಿದ ಬುಟ್ಟಿಗಳು ಅದರ ಹಿಂದೆ ಒಂದೊಂದಾಗಿ ಬಂದು ಕೂತವು. ಹೊತ್ತು ಏರುವಷ್ಟರಲ್ಲಿ ಸಾಲು ಧಕ್ಕೆಯ ಮೆಟ್ಟಿಲು ದಾಟಿ ನೀರಿನವರೆಗೂ ಹೋಗಿತ್ತು. ಸಾಲಿನ ಈ ತುದಿಯಲ್ಲಿ, ಎಲ್ಲಕ್ಕಿಂತ ಮೊದಲು, ಅಪ್ಪ ಇದ್ದ.