ಉಗುರಿಗೆ ಸಿಕ್ಕಿದ ಬೆಸುಗೆ

"ಕೈ ತೆಗಿಯೇ ಮುಂಡೇದೇ! ಲೇಸರ್ ನೋಡಿ ಪಾಸ್ ಮಾಡಿದ್ಮೇಲೆ ನಿಂದೇನು ಸವರೋದು? ಮದುಮಗಳ ಕೆನ್ನೆಯೇನೇ ಅದು?"

ಮ್ಯಾನೇಜರ್ ಹಿಂದಿನಿಂದ ಬಂದು ಕೂಗಿದ್ದಕ್ಕೆ ಮೊಂಡಿ ಬೆಚ್ಚಿಬಿದ್ದು ಸಿಲಿಂಡರಿನ ಮೇಲಿಂದ ಕೈ ಎಳೆದುಕೊಂಡಳು. ಬೆಸುಗೆ ಹಾಕುವವರು ಆಚೆ ಸಾಲಿನಿಂದ ಕಿಸಕ್ಕನೆ ನಕ್ಕರು. ಅವಳು ಸುತ್ತಿಗೆ ಎತ್ತಿ, ಗುರುತಿನ ಉಳಿಯನ್ನು ಸಿಲಿಂಡರಿನ ಕುತ್ತಿಗೆಗೆ ಇಟ್ಟು ಒಂದೇಟು ಹಾಕಿದಳು. ಸಣ್ಣ ತ್ರಿಕೋನ ಮೂಡಿತು. ಅದು ಅವಳ ಗುರುತು. ಪರೀಕ್ಷೆ ಮಾಡಿದ್ದು ಇವಳೇ ಎನ್ನುವುದಕ್ಕೆ ಸಾಕ್ಷಿ.

ಪರೀಕ್ಷೆ ಮಾಡುತ್ತಿದ್ದುದು ಮಾತ್ರ ತಲೆಯ ಮೇಲೆ ನೇತುಬಿದ್ದ ಆ ಕರಿ ಡಬ್ಬಿ. ಉರುಳೆಗಳ ಮೇಲೆ ಬಂದ ಅಡುಗೆ ಗ್ಯಾಸಿನ ಸಿಲಿಂಡರು ಅದರ ಕೆಳಗೆ ಒಂದು ಸುತ್ತು ತಿರುಗುತ್ತದೆ. ಡಬ್ಬಿಯಿಂದ ಬಿದ್ದ ಕೆಂಪು ಗೆರೆ ನಡುವಿನ ಬೆಸುಗೆಯ ಉಬ್ಬುತಗ್ಗನ್ನೆಲ್ಲ ಅಳೆದು ಪರದೆಯ ಮೇಲೆ ಬರೆಯುತ್ತದೆ. ಸರಿಯಿದ್ದರೆ ಹಸಿರು ದೀಪ. ಇಲ್ಲದಿದ್ದರೆ ಕೆಂಪು ಹತ್ತಿ ಇಡೀ ಸಾಲು ನಿಲ್ಲುತ್ತದೆ.

ಮೊದಲು ಇಲ್ಲಿ ಹನ್ನೆರಡು ಹೆಂಗಸರಿದ್ದರು. ಕಣ್ಣು ಮುಚ್ಚಿ ಹೆಬ್ಬೆರಳ ಉಗುರನ್ನು ಬೆಸುಗೆಯ ಅಂಚಿಗೆ ಎಳೆಯುವುದು. ಉಗುರು ಸಿಕ್ಕಿಕೊಂಡರೆ ಅಲ್ಲಿ ಕೊರಕಲಿದೆ, ಮಾಲು ವಾಪಸ್. ಅದಕ್ಕಾಗಿ ಒಂದು ಉಗುರನ್ನು ಮಾತ್ರ ಎಲ್ಲರೂ ಮಗುವಿನಂತೆ ಸಾಕುತ್ತಿದ್ದರು. ಮನೆಯಲ್ಲಿ ಪಾತ್ರೆ ಉಜ್ಜುವಾಗಲೂ ಅದನ್ನು ಮಡಿಸಿಟ್ಟುಕೊಳ್ಳುತ್ತಿದ್ದರು. ಬಾಯಿಗಂತೂ ಬಿಡುವೇ ಇರಲಿಲ್ಲ. ಅತ್ತೆಯಂದಿರನ್ನೂ ಗಂಡಂದಿರನ್ನೂ ಆಡಿಕೊಳ್ಳುತ್ತಲೇ ಹೊತ್ತು ಹೋಗುತ್ತಿತ್ತು.

ಡಬ್ಬಿ ತಂದ ಇಂಜಿನಿಯರು ಸಾಧು ಮನುಷ್ಯ. "ಅಮ್ಮಾ, ಯಾವುದು ಒಳ್ಳೇದು, ಯಾವುದು ಕೆಟ್ಟದ್ದು ಅಂತ ನೀವು ಹೇಳಿದ್ರೆ ತಾನೇ ಇದಕ್ಕೆ ಗೊತ್ತಾಗೋದು?" ಎಂದು ಮೊಂಡಿಗೆ ಕುರ್ಚಿ ಹಾಕಿ ಕೂರಿಸಿದ್ದ. ಆ ಕಾರ್ಖಾನೆಯಲ್ಲಿ ಅವಳಿಗೆ ಯಾರೂ ಕುರ್ಚಿ ಕೊಟ್ಟವರಲ್ಲ. ಹಿರಿಹಿರಿ ಹಿಗ್ಗಿ, ಮೂರು ವಾರ ಒಂದೊಂದನ್ನೂ ಮುಟ್ಟಿ ಹೇಳಿಕೊಟ್ಟಳು. ನಾಲ್ಕನೇ ವಾರ ಹನ್ನೊಂದು ಜನರನ್ನು ಮನೆಗೆ ಕಳಿಸಿದರು. ತನ್ನನ್ನು ಯಾಕೆ ಉಳಿಸಿಕೊಂಡರೆಂದು ಅವಳಿಗೆ ತಿಳಿಯಲಿಲ್ಲ. ಕೇಳಲು ಧೈರ್ಯವೂ ಬರಲಿಲ್ಲ.

ಆ ಹನ್ನೊಂದು ಜನರಲ್ಲಿ ಒಬ್ಬಳಾದ, ಇವಳಿಗೆ ಉಗುರಿನ ವಿದ್ಯೆ ಕಲಿಸಿದ ಅಕ್ಕ ಆಮೇಲೆ ಒಂದೇ ಒಂದು ಸಲ ಬಸ್ ಸ್ಟಾಪಿನಲ್ಲಿ ಸಿಕ್ಕಿದ್ದಳು.

"ಅಕ್ಕಾ, ನಂಗೊತ್ತಿರ್ಲಿಲ್ಲ ಕಣಕ್ಕಾ…"

"ಗೊತ್ತಿತ್ತೋ ಇಲ್ವೋ, ಒಳಗಿರೋಳು ನೀನೇ ತಾನೇ? ಹೋಗೇ ತಾಯಿ."

ಈಗ ಅಕ್ಕ ಇವಳನ್ನು ಕಂಡರೆ ರಸ್ತೆಯ ಆ ಮಗ್ಗುಲಿಗೆ ದಾಟುತ್ತಾಳೆ. ಊಟದ ಹೊತ್ತಿಗೆ ಹನ್ನೆರಡು ಜನ ಕೂರುವ ಬೆಂಚಿನ ತುದಿಯಲ್ಲಿ ಮೊಂಡಿ ಒಬ್ಬಳೇ ಬುತ್ತಿ ಬಿಚ್ಚುತ್ತಾಳೆ. ಜಗಳವಾಡುವುದಕ್ಕಾದರೂ ಒಬ್ಬರಿದ್ದರೆ ಸಾಕು ಎಂದು ಎಷ್ಟೋ ಸಲ ಅನ್ನಿಸಿದೆ.

ಇವತ್ತು ಬೆಳಗಿನಿಂದ ಒಂದು ಸಲವೂ ಕೆಂಪು ಹತ್ತಿರಲಿಲ್ಲ. ದಿನಕ್ಕೆ ಹತ್ತಾದರೂ ವಾಪಸ್ ಹೋಗುವ ಸಾಲಿನಲ್ಲಿ ಎಲ್ಲವೂ ಹಸಿರು. ಅನುಮಾನ ಬಂದೇ ಅವಳು ಬೆಸುಗೆಯನ್ನು ಸವರಿದ್ದು, ಬೈಸಿಕೊಂಡದ್ದು. ಮ್ಯಾನೇಜರ್ ಅತ್ತ ತಿರುಗಿದ ಮೇಲೆ ಮುಂದಿನದಕ್ಕೆ ಉಗುರು ಎಳೆದಳು. ಕಚ್ಚಿಕೊಂಡಿತು. ಅದರ ಮುಂದಿನದೂ ಅಷ್ಟೇ.

ಓದು ಬರದಿದ್ದರೂ ಪರದೆ ಅವಳಿಗೆ ಅರ್ಥವಾಗುತ್ತಿತ್ತು. ಮೇಲೊಂದು ಗೆರೆ, ಕೆಳಗೊಂದು ಗೆರೆ. ಬೆಸುಗೆ ಅವೆರಡರ ನಡುವೆ ಇರಬೇಕು. ಇಂಜಿನಿಯರು ಅವಳ ಕಣ್ಣೆದುರೇ ಎಳೆದ ಗೆರೆಗಳು. ಈಗ ನೋಡಿದರೆ ಯಾರೋ ಎರಡನ್ನೂ ದೂರದೂರ ಸರಿಸಿಬಿಟ್ಟಿದ್ದರು.

"ಸಾರ್, ಗೆರೆ ಅಗಲ ಮಾಡಿದ್ದಾರೆ. ಕೊರಕಲು ಇರೋದೆಲ್ಲ ಪಾಸಾಗ್ತಿದೆ."

ಮ್ಯಾನೇಜರ್ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದ. "ಮಾಡಿದೋನು ನಾನೇ. ಸಂಜೆ ಲಾರಿ ತುಂಬಬೇಕು. ನೀನು ಹೊಡಿ."

"ಇದು ಅಡುಗೆಮನೆಗೆ ಹೋಗೋ ಮಾಲು ಸಾರ್. ಸಿಡಿದ್ರೆ?"

"ಸಿಡಿದಾಗ ನೋಡ್ಕೊಳ್ಳೋಣ."

"ನನ್ನ ಗುರುತಲ್ವಾ ಇರೋದು? ನನ್ನೇ ತಾನೇ ಹಿಡಿಯೋದು?"

"ಮತ್ತೆ?" ಅವನು ನಿಜಕ್ಕೂ ಆಶ್ಚರ್ಯಪಟ್ಟ. "ಡಬ್ಬಿನ ಜೈಲಿಗೆ ಹಾಕೋಕಾಗುತ್ತೇನೇ? ಅದಕ್ಕೆ ಅಂತಾನೇ ನಿನ್ನ ಇಟ್ಕೊಂಡಿರೋದು. ಇಲ್ದಿದ್ರೆ ನಿನ್ನ ಮುಖ ನೋಡ್ಕೊಂಡು ಕೂರೋಕಾ? ಹೊಡಿಯೇ, ಹಲ್ಕಟ್ ಮುಂಡೆ."

ಇಷ್ಟು ದಿನ ಮೊಂಡಿ ತನ್ನ ಕೈಗುಣಕ್ಕೆ ಬೆಲೆ ಕೊಟ್ಟು ಉಳಿಸಿಕೊಂಡಿದ್ದಾರೆ ಎಂದು ಮನಸ್ಸಿನ ಮೂಲೆಯಲ್ಲಿ ನಂಬಿದ್ದಳು. ಆ ನಂಬಿಕೆಯ ಬಗ್ಗೆ ಅವಳಿಗೇ ನಾಚಿಕೆಯಾಯಿತು. ಬೆಸುಗೆಯವರ ಕಡೆ ನೋಡಿದಳು. ಎಲ್ಲವನ್ನೂ ಕೇಳಿಸಿಕೊಂಡವರು ಒಬ್ಬೊಬ್ಬರಾಗಿ ಮುಖಕ್ಕೆ ಗುರಾಣಿ ಇಳಿಸಿಕೊಂಡರು.

ಅವಳು ಸುತ್ತಿಗೆ, ಉಳಿ ಎರಡನ್ನೂ ಕೆಳಗಿಟ್ಟಳು. ಎರಡು ಹೆಜ್ಜೆ ಮುಂದೆ ಹೋಗಿ, ಡಬ್ಬಿಯ ಕೆಳಗೆ ಬೋರಲಾಗಿ ತನ್ನ ಬಲಗೈ ಹಿಡಿದಳು.

ಕೆಂಪು ಗೆರೆ ಬೆರಳ ಗೆಣ್ಣುಗಳ ಮೇಲೆ ಹತ್ತಿ ಇಳಿಯಿತು. ಪರದೆಯ ಮೇಲೆ ನಾಲ್ಕು ಗುಡ್ಡ ಎದ್ದವು. ಅಷ್ಟು ಅಗಲ ಮಾಡಿದ್ದರೂ ಅವಳ ಕೈ ಆ ಗೆರೆಗಳೊಳಗೆ ಹಿಡಿಸಲಿಲ್ಲ. ಕೆಂಪು ದೀಪ ಹತ್ತಿತು. ಉರುಳೆಗಳು ಗಕ್ಕನೆ ನಿಂತವು.

"ಏಯ್! ತಲೆ ಕೆಟ್ಟಿದೆಯೇನೇ? ತೆಗಿಯೇ ಕೈನ!"

"ನೀವು ಮೊದಲು ಗೆರೆ ಸರಿ ಮಾಡಿ."

ಅವನು ಅವಳ ರೆಟ್ಟೆ ಹಿಡಿದು ಜಗ್ಗಿದ. ಅವಳು ಎಡಗೈಯಿಂದ ಕಬ್ಬಿಣದ ಕಂಬವನ್ನು ತಬ್ಬಿಕೊಂಡಳು. ಕುಪ್ಪಸದ ತೋಳು ಪರ್ರನೆ ಹರಿಯಿತು. ಯಾರೂ ಹತ್ತಿರ ಬರಲಿಲ್ಲ. ಮ್ಯಾನೇಜರ್ ಏದುಸಿರು ಬಿಡುತ್ತ ವಾಚ್‌ಮ್ಯಾನ್‌ನನ್ನು ಕೂಗಲು ಹೊರಗೆ ಓಡಿದ. ಯಂತ್ರಗಳೆಲ್ಲ ನಿಂತ ಆ ಶೆಡ್ಡಿನಲ್ಲಿ ಕೆಂಪು ದೀಪ ಉರಿಯುತ್ತಲೇ ಇತ್ತು. ಪರದೆಯ ಮೇಲಿನ ಗುಡ್ಡಗಳೂ ಹಾಗೇ ನಿಂತಿದ್ದವು. ಅವಳು ಕೈ ತೆಗೆಯಲಿಲ್ಲ.