ಬಿಡಿ ಮಾತ್ರೆಗಳು

ಊರಿನ ಹೆಂಗಸರಿಗೆಲ್ಲ ಬಿಡಿಸಿ ಬಿಡಿಸಿ ಹೇಳುತ್ತಿದ್ದ ಮಾತನ್ನು ಬೈರಮ್ಮ ತನ್ನ ಮನೆಯೊಳಗೆ ಮಾತ್ರ ಒಂದು ದಿನವೂ ಆಡಿದವಳಲ್ಲ. ಘಾಟಿ ಸುಬ್ರಹ್ಮಣ್ಯದ ದಾರಿಯಲ್ಲಿರುವ ಆ ಊರಿಗೆ ಅವಳು ಹದಿನಾಲ್ಕು ವರ್ಷದಿಂದ ಆಶಾ ಕಾರ್ಯಕರ್ತೆ. ಗುಲಾಬಿ ಸೀರೆ ಉಟ್ಟು ಹೊರಟಳೆಂದರೆ ಯಾವ ಸೊಸೆಗೆ ಎಷ್ಟು ತಿಂಗಳು, ಯಾರು ಗರ್ಭ ತಡೆಯುವ ವಂಕಿ ಹಾಕಿಸಿಕೊಂಡಿದ್ದಾರೆ, ಯಾರಿಗೆ ಗುಳಿಗೆ ಒಗ್ಗಲಿಲ್ಲ, ಎಲ್ಲ ಅವಳ ನಾಲಿಗೆಯ ತುದಿಯಲ್ಲಿ. ಡೈರಿ ಮುಂದೆ ಹಾಲಿನ ಕ್ಯಾನು ಹಿಡಿದು ನಿಂತ ಗಂಡಸನ್ನೂ ಬಿಡುತ್ತಿರಲಿಲ್ಲ. "ಏನಪ್ಪಾ, ಎರಡನೇದಕ್ಕೆ ಮೂರು ವರ್ಷ ಬಿಡು ಅಂದಿದ್ನಲ್ಲ, ಮರ್ತ್‌ಬಿಟ್ಟಾ?" ಎಂದು ಎಲ್ಲರೆದುರೇ ಕೇಳುವಳು. ಅವನು ಹಾಲು ಅಳೆಸುವುದನ್ನೂ ಮರೆತು ನೆಲ ನೋಡುವನು.

ಇಂಥ ಬೈರಮ್ಮ ಮನೆಯಲ್ಲಿ ಟಿವಿಯಲ್ಲಿ ಪ್ಯಾಡಿನ ಜಾಹೀರಾತು ಬಂದರೆ ರಿಮೋಟಿಗೆ ಕೈ ಹಾಕುತ್ತಿದ್ದಳು. ಗಂಡ ವೆಂಕಟರಾಯಪ್ಪನಂತೂ ಸರಿಯಾಗಿ ಆ ಗಳಿಗೆಗೇ ಬೋರ್‌ವೆಲ್ ಮೋಟಾರು ನೆನಪಾಗಿ ಎದ್ದುಬಿಡುತ್ತಿದ್ದ. ಹಿರಿಮಗಳು ರಂಜಿತ ಮೈನೆರೆದಾಗ ತಾಯಿ ಹೇಳಿದ್ದು ಒಂದೇ ಮಾತು, "ಇನ್ಮೇಲೆ ಹುಷಾರಾಗಿರ್ಬೇಕು." ಯಾವುದರಿಂದ ಹುಷಾರು, ಹೇಗೆ ಹುಷಾರು, ಅದನ್ನು ಆ ಪುಣ್ಯಾತ್ಗಿತ್ತಿ ಹೇಳಲಿಲ್ಲ. ರಂಜಿತ ಎಲ್ಲವನ್ನೂ ಗೆಳತಿಯರಿಂದ ಅರ್ಧಂಬರ್ಧ ತಿಳಿದುಕೊಂಡಳು. ಊರಿಗೆಲ್ಲ ಸಿಗುವ ಅಮ್ಮ ತನಗೆ ಸಿಗಲಿಲ್ಲವೆಂಬ ಬೇಜಾರು ಅವಳಿಗೆ ಆಗಿನಿಂದಲೂ ಇತ್ತು.

ಇಪ್ಪತ್ಮೂರಕ್ಕೆ ರಂಜಿತಳ ಹೆಸರು ಮಹಿಳಾ ಪೊಲೀಸ್ ಪೇದೆಗಳ ಆಯ್ಕೆ ಪಟ್ಟಿಯಲ್ಲಿ ಬಂತು. ಒಂದು ವರ್ಷ ಪೂರ್ತಿ ಬೆಳಗಿನ ಮಂಜಿನಲ್ಲಿ ಒಣಗಿದ ಕೆರೆಯಂಗಳದ ಸುತ್ತ ಓಡಿ, ಊರ ನಾಯಿಗಳಿಗೂ ಪರಿಚಯವಾಗಿ, ಗಳಿಸಿದ ಹೆಸರು ಅದು. ತರಬೇತಿ ಆಗಸ್ಟಿನಲ್ಲಿ. ಅಷ್ಟರಲ್ಲಿ ದೊಡ್ಡಬೆಳವಂಗಲದ ಕಡೆಯಿಂದ ಸಂಬಂಧ ಬಂತು. ಹುಡುಗ ಮುನೀಂದ್ರ, ದೊಡ್ಡಬಳ್ಳಾಪುರದ ಕಾರ್ಖಾನೆಯೊಂದರಲ್ಲಿ ಮೇಲ್ವಿಚಾರಕ, ಮಾತು ಕಡಿಮೆ, ಮುಖದಲ್ಲಿ ಒಳ್ಳೆತನ. ರಂಜಿತ ಒಪ್ಪಿದಳು, ಆದರೆ ಒಂದು ಷರತ್ತಿನ ಮೇಲೆ.

"ಎರಡು ವರ್ಷ ಮಗು ಬೇಡ. ತರಬೇತಿ ಮುಗೀಬೇಕು, ಕೆಲಸ ಗಟ್ಟಿಯಾಗ್ಬೇಕು. ಬಸುರೀನ ಕವಾಯತಿಗೆ ಸೇರಿಸ್ಕೊಳ್ಳಲ್ಲ. ಇದಕ್ಕೆ ಹೂಂ ಅಂದ್ರೆ ಮದುವೆ."

"ಅದು ನನ್ನ ಜವಾಬ್ದಾರಿ ಬಿಡು," ಅಂದಳು ಬೈರಮ್ಮ.

ಮದುವೆಗೆ ಒಂದು ವಾರವಿದ್ದಾಗ ಅವಳು ಮಗಳನ್ನು ಹಿತ್ತಲಿಗೆ ಕರೆದು, ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂರಿಸಿದಳು. ಸಭೆಗಳಿಗೆ ಒಯ್ಯುವ ಚಿತ್ರಪಟವನ್ನು ತೊಡೆಯ ಮೇಲೆ ಬಿಚ್ಚಿಟ್ಟುಕೊಂಡು ಎಲ್ಲವನ್ನೂ ಹೇಳಿದಳು. ಮೊದಲ ರಾತ್ರಿ ನೋವಾದರೆ ಏನು ಮಾಡಬೇಕು, ಬೇಡವೆನಿಸಿದ ದಿನ ಬೇಡವೆನ್ನುವುದು ಹೇಗೆ, ಗರ್ಭ ಹೇಗೆ ನಿಲ್ಲುತ್ತದೆ, ಹೇಗೆ ತಡೆಯಬಹುದು. ಮೊದಮೊದಲು ರಂಜಿತಳ ಕಿವಿ ಕೆಂಪಗಾಯಿತು. ಆಮೇಲೆ ಅವಳೇ ಪ್ರಶ್ನೆ ಕೇಳತೊಡಗಿದಳು. ಒಂದೆರಡು ಪ್ರಶ್ನೆಗೆ ತಾಯಿಮಗಳು ಬಿದ್ದು ಬಿದ್ದು ನಕ್ಕರು. ಕೊನೆಗೆ ಬೈರಮ್ಮ ಹಳೆಯ ಕ್ರೀಮಿನ ಡಬ್ಬಿಯೊಂದನ್ನು ಮಗಳ ಕೈಗಿಟ್ಟಳು. ಅದರ ತುಂಬ ಬಿಳಿ ಮಾತ್ರೆಗಳು.

"ವಾರಕ್ಕೆರಡು, ಭಾನುವಾರ ಒಂದು, ಬುಧವಾರ ಒಂದು. ಹಾಳೆ ಸಮೇತ ಇದ್ರೆ ನಿಮ್ಮತ್ತೆ ಕಣ್ಣಿಗೆ ಬೀಳುತ್ತೆ ಅಂತ ಬಿಚ್ಚಿ ಹಾಕಿದೀನಿ. ಮೊದಲ ಮೂರು ತಿಂಗಳು ಮುಟ್ಟು ಹಿಂದೆಮುಂದೆ ಆಗುತ್ತೆ, ಗಾಬರಿಯಾಗ್ಬೇಡ. ಏನಿದ್ರೂ ನನಗೆ ಫೋನ್ ಮಾಡು."

ರಂಜಿತ ತಾಯಿಯನ್ನು ತಬ್ಬಿಕೊಂಡಳು. ಬುದ್ಧಿ ಬಂದಮೇಲೆ ಹಾಗೆ ತಬ್ಬಿದ್ದು ಅದೇ ಮೊದಲು. ಸೀರೆಗಿಂತ, ಒಡವೆಗಿಂತ, ತನ್ನ ಮದುವೆಯಲ್ಲಿ ತನಗೆ ಸಿಕ್ಕ ದೊಡ್ಡ ಉಡುಗೊರೆ ಆ ಮಧ್ಯಾಹ್ನವೇ ಎಂದು ಅವಳು ನಿಜವಾಗಿ ನಂಬಿದ್ದಳು.

ಮಾತ್ರೆ ದಪ್ಪ, ಉದ್ದುದ್ದ, ಗಂಟಲಲ್ಲಿ ಇಳಿಯುತ್ತಿರಲಿಲ್ಲ. ನಡುವಿನ ಗೆರೆಗೆ ಸರಿಯಾಗಿ ಮುರಿದು ನುಂಗುತ್ತಿದ್ದಳು. ನಾಲಿಗೆಗೆ ಸೀಮೆಸುಣ್ಣ ತಿಂದಂತೆ ಆಗುತ್ತಿತ್ತು. ಆದರೂ ಒಂದು ಭಾನುವಾರವನ್ನೂ ಒಂದು ಬುಧವಾರವನ್ನೂ ತಪ್ಪಿಸಲಿಲ್ಲ. ಮುನೀಂದ್ರ ಪಾಪ, ಮದುವೆಯ ಹೊಸತರಲ್ಲೇ ಮೆಡಿಕಲ್ ಶಾಪಿನಿಂದ ನಿರೋಧಿನ ಪೊಟ್ಟಣವೊಂದನ್ನು ನ್ಯೂಸ್‌ಪೇಪರಿನಲ್ಲಿ ಸುತ್ತಿಸಿಕೊಂಡು ತಂದಿದ್ದ.

"ಯಾವುದಕ್ಕೂ ಇದೂ ಇರ್ಲಿ ಅಂತ," ಅಂದ, ಗೋಡೆ ನೋಡುತ್ತ.

"ಅದೆಲ್ಲ ಏನೂ ಬೇಡ ಕಣ್ರೀ. ನಮ್ಮಮ್ಮ ಕೊಟ್ಟಿದ್ದಾರಲ್ಲ. ಇಡೀ ಊರಿಗೆ ಹೇಳ್ಕೊಡೋರು ಅವರು," ಎಂದು ರಂಜಿತ ಹೆಮ್ಮೆಯಿಂದ ಅದನ್ನು ಎಸೆಸಿದಳು.

ಏಪ್ರಿಲ್‌ನಲ್ಲಿ ಮುಟ್ಟಾಗಲಿಲ್ಲ. ಫೋನ್ ಮಾಡಿದಳು. "ಅದು ಗುಳಿಗೆ ಗುಣ ಕಣಮ್ಮ, ಒಗ್ಗೋಕೆ ಟೈಮ್ ಬೇಕು," ಅಂದಳು ತಾಯಿ. ಮೇ ತಿಂಗಳಲ್ಲೂ ಅದೇ ಉತ್ತರ. ಜೂನ್ ಕೊನೆಗೆ ಕೆರೆ ಏರಿಯ ಮೇಲೆ ಓಡುವಾಗ ಕಣ್ಣು ಕತ್ತಲಿಟ್ಟು ಕೂತುಬಿಟ್ಟಳು. ಅತ್ತೆ ಅಕ್ಕಯಮ್ಮ ದೊಡ್ಡಬಳ್ಳಾಪುರಕ್ಕೆ ಕರೆದೊಯ್ದು ತೋರಿಸಿದರು. ಸ್ಕ್ಯಾನಿಂಗ್ ಮಾಡಿದ ಡಾಕ್ಟರು ಮಗುವಿಗೆ ಹದಿನೈದು ವಾರವಾಗಿದೆ ಎಂದರು. ಪರದೆಯ ಮೇಲೆ ಅದು ಕೈಕಾಲು ಆಡಿಸುತ್ತಿತ್ತು. ಬೇಡವೆನ್ನಲು ರಂಜಿತಳಿಗೆ ಮನಸ್ಸು ಬರಲಿಲ್ಲ. ಆದರೆ ಬೇಕೇ ಎಂದೂ ಅವಳನ್ನು ಯಾರೂ ಕೇಳಿರಲಿಲ್ಲ.

ಸುದ್ದಿ ಕೇಳಿದ ಬೈರಮ್ಮ ಅವತ್ತೇ ಬಸ್ಸು ಹಿಡಿದು ಬಂದಳು. "ನೂರರಲ್ಲಿ ಒಬ್ಬರಿಗೆ ಗುಳಿಗೆ ಕೈ ಕೊಡುತ್ತೆ ಮಗಳೇ, ಅದು ನಿನಗೇ ಬಂತು," ಎಂದು ಮಗಳ ತಲೆ ಸವರಿದಳು. ರಂಜಿತ ತಾಯಿಯ ಮಡಿಲಲ್ಲಿ ಮುಖವಿಟ್ಟು ಅತ್ತಳು. ತಾಯಿಯೂ ಅತ್ತಳು. ಆ ಅಳುವಿನಿಂದ ಮಗಳಿಗೆ ಎಷ್ಟೋ ಸಮಾಧಾನವಾಯಿತು. ತರಬೇತಿಯವರಿಗೆ ಕಾಗದ ಬರೆದಳು. ಮುಂದಿನ ತಂಡದಲ್ಲಿ ನೋಡೋಣ, ಅದು ಯಾವಾಗ ಎಂದು ಈಗ ಹೇಳಲಾಗದು ಎಂಬ ಉತ್ತರ ಬಂತು.

ಮರುವಾರ ರಂಜಿತ ಬಸುರಿಯರಿಗೆ ಕೊಡುವ 'ತಾಯಿ ಕಾರ್ಡು' ಮಾಡಿಸಲು ಗಂಡನ ಊರಿನ ಆರೋಗ್ಯ ಉಪಕೇಂದ್ರಕ್ಕೆ ಹೋದಳು. ಸಿಸ್ಟರು ತೂಕ ನೋಡಿ, ಬಿ.ಪಿ. ನೋಡಿ, ಎರಡು ಥರದ ಮಾತ್ರೆ ಕೊಟ್ಟರು. ಕೆಂಪಗಿನದು ಕಬ್ಬಿಣದ್ದು. ಇನ್ನೊಂದರ ಹಾಳೆಯ ಹಿಂಬದಿ ಹರಿದು ಒಂದು ಮಾತ್ರೆ ಅಂಗೈಗೆ ಬಿತ್ತು. ದಪ್ಪ, ಉದ್ದುದ್ದ, ಬಿಳಿ, ನಡುವೆ ಗೆರೆ.

"ಇದ್ಯಾವುದು ಸಿಸ್ಟರ್?"

"ಕ್ಯಾಲ್ಸಿಯಂ ಕಣಮ್ಮ. ಬೆಳಗ್ಗೆ ಒಂದು, ರಾತ್ರಿ ಒಂದು."

ರಂಜಿತ ಅಲ್ಲೇ ಅದನ್ನು ಗೆರೆಗೆ ಸರಿಯಾಗಿ ಮುರಿದು ಬಾಯಿಗಿಟ್ಟಳು. ಸೀಮೆಸುಣ್ಣ. ನಾಲ್ಕು ತಿಂಗಳ ಭಾನುವಾರ, ಬುಧವಾರಗಳೆಲ್ಲ ಅವಳ ನಾಲಿಗೆಯ ಮೇಲೆ ಕರಗಿದವು. ಮಕ್ಕಳಾಗದಂತೆ ತಡೆಯುವ ಮಾತ್ರೆ ತೋರಿಸಿ ಎಂದು ಕೇಳಿದಳು. ಸಿಸ್ಟರು ಅನುಮಾನದಿಂದ ನೋಡುತ್ತಲೇ ಒಂದು ಹಾಳೆ ತೋರಿಸಿದರು. ಅದರಲ್ಲಿದ್ದ ಮಾತ್ರೆಗಳು ಕಾಳುಮೆಣಸಿಗಿಂತ ಸ್ವಲ್ಪ ದೊಡ್ಡವು, ದುಂಡಗಿದ್ದವು.

ಮನೆಗೆ ಬರುವ ದಾರಿಯಲ್ಲೆಲ್ಲ ಅವಳು ತಾಯಿಯ ಪರವಾಗಿಯೇ ವಾದ ಹೂಡಿದಳು. ಅಮ್ಮ ತಾನಾಗಿ ಇಂಥದ್ದು ಮಾಡುವವಳಲ್ಲ. ಅತ್ತೆಯೇ ಮೊಮ್ಮಗು ಬೇಕೆಂದು ಕುತ್ತಿಗೆ ಮೇಲೆ ಕೂತಿರಬೇಕು. ಬಾಗಿಲಲ್ಲೇ ನಿಂತು ಅತ್ತೆಯನ್ನು ಕೇಳಿಬಿಟ್ಟಳು.

ಅಲಸಂದೆಕಾಯಿ ಬಿಡಿಸುತ್ತಿದ್ದ ಅಕ್ಕಯಮ್ಮನಿಗೆ ಸಿಟ್ಟು ನೆತ್ತಿಗೇರಿತು. "ನಾನ್ಯಾಕಮ್ಮ ಹೇಳ್ಲಿ? ಸೊಸೆ ಪೊಲೀಸಾಗ್ತಾಳೆ ಅಂತ ಬೀದಿಗೆಲ್ಲ ಸಾರ್ಕೊಂಡು ಬಂದಿದ್ದೆ. ಎರಡು ವರ್ಷ ತಡೀಲಿ ಬಿಡಿ ಅಂತ ನಿಮ್ಮಮ್ಮಂಗೆ ನಾನೇ ಬಾಯಿಬಿಟ್ಟು ಹೇಳಿದೀನಿ. ನಾನೂ ಹೆಣ್ಣೇ ಕಣೆ."

ರಂಜಿತಳಿಗೆ ಅಳು ಬರಲಿಲ್ಲ. ಬೈಯಲು ಅತ್ತೆಯಾದರೂ ಸಿಕ್ಕಿದ್ದರೆ ಎಷ್ಟೋ ವಾಸಿಯಿತ್ತು. ಈಗ ಉಳಿದಿದ್ದು ಅಮ್ಮ ಒಬ್ಬಳೇ.

ಮರುದಿನ ಮಧ್ಯಾಹ್ನ ತವರಿಗೆ ಹೋಗಿ ಆ ಕ್ಯಾಲ್ಸಿಯಂ ಮಾತ್ರೆಯ ಹಾಳೆಯನ್ನು ತಾಯಿಯ ಮುಂದಿಟ್ಟಳು. ವೆಂಕಟರಾಯಪ್ಪ ಅದನ್ನೂ ಮಗಳ ಮುಖವನ್ನೂ ನೋಡಿ ಮೋಟಾರಿನ ಕಡೆ ಹೊರಟುಹೋದ. ಬೈರಮ್ಮ ಸುಳ್ಳು ಹೇಳಲಿಲ್ಲ. ಅಷ್ಟರಮಟ್ಟಿಗೆ ಮೆಚ್ಚಬೇಕು.

"ಮದುವೆಯಾದ ಹೊಸದ್ರಲ್ಲಿ ನಾನೂ ಗುಳಿಗೆ ತಗೊಂಡೆ ಕಣೆ, ಒಂದೇ ವರ್ಷ. ಆಮೇಲೆ ಆರು ವರ್ಷ ಬಸುರು ನಿಲ್ಲಲೇ ಇಲ್ಲ. ಆರತಿ ತಟ್ಟೆ ಮುಟ್ಟೋಕೆ ಬಿಡ್ತಿರ್ಲಿಲ್ಲ ನನ್ನ. ಮೊದಲನೇದಕ್ಕೆ ಮುಂಚೆ ಅದನ್ನ ತಗೊಂಡ್ರೆ ಗರ್ಭ ಒಣಗುತ್ತೆ."

"ಮತ್ತೆ ಊರೋರಿಗೆಲ್ಲ ಹಂಚ್ತೀಯ?"

"ಅವ್ರಿಗೆಲ್ಲ ಒಂದಾದ್ರೂ ಮಗು ಇದೆ."

"ಆ ಚಾರ್ಟಲ್ಲಿ ಹಂಗೇನೂ ಬರ್ದಿಲ್ವಲ್ಲಮ್ಮ."

"ಚಾರ್ಟ್ ಬರ್ದೋರು ನನ್ನ ಮಗಳನ್ನ ಹೆತ್ತಿಲ್ಲ."

"ಭಯ ಆಗುತ್ತೆ ಅಂತ ನನಗೆ ಹೇಳ್ಬಹುದಿತ್ತು."

"ಹೇಳಿದ್ರೆ ನೀನು ಕೇಳ್ತಿದ್ಯಾ?"

"ಕೇಳ್ತಿರ್ಲಿಲ್ಲ. ಅದಕ್ಕೇ ಹೇಳ್ಬೇಕಾಗಿತ್ತು." ರಂಜಿತ ಹಾಳೆಯನ್ನು ತಾಯಿಯ ಹತ್ತಿರಕ್ಕೆ ತಳ್ಳಿದಳು. "ಮುಟ್ಟು ನಿಂತಿದೆ ಅಂತ ಎರಡು ಸಲ ಫೋನ್ ಮಾಡ್ದೆ. ಗುಳಿಗೆ ಗುಣ ಅಂದೆ."

"ಆ ಗುಳಿಗೆ ತಗೊಂಡೋರಿಗೆ ಹಂಗಾಗೋದು ನಿಜಾನೇ ಕಣೆ."

"ನಾನು ತಗೊಂಡಿದ್ದು ಆ ಗುಳಿಗೇನಾ?"

ಬೈರಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. ಕೆಲಸ ಹೋದದ್ದನ್ನು ರಂಜಿತ ಹೇಗೋ ಹೊಟ್ಟೆಗೆ ಹಾಕಿಕೊಳ್ಳುತ್ತಿದ್ದಳೇನೋ. ಆದರೆ ಅಮ್ಮ ತನ್ನನ್ನು ಮಡಿಲಲ್ಲಿ ಮಲಗಿಸಿಕೊಂಡು ಅತ್ತಳಲ್ಲ, ಅದನ್ನು ನೆನೆದರೆ ಮೈ ಉರಿಯುತ್ತಿತ್ತು. ಇಡೀ ಜೀವಮಾನದಲ್ಲಿ ಅಮ್ಮ ತನ್ನೊಡನೆ ಮನಸ್ಸು ಬಿಚ್ಚಿ ಮಾತಾಡಿದ್ದು ಒಂದೇ ಒಂದು ಸಲ, ಅದೂ ಮೋಸ ಮಾಡಲಿಕ್ಕೆ.

ಅಷ್ಟರಲ್ಲಿ ತಂಗಿ ಅರ್ಪಿತ ಕಾಲೇಜಿನಿಂದ ಬಂದಳು. ಎರಡನೇ ಪಿಯುಸಿ, ಹದಿನೇಳು ವರ್ಷ. ಬೈರಮ್ಮ ಬೇಗಬೇಗ ಮಾತ್ರೆಯ ಹಾಳೆಯನ್ನು ಸೆರಗಿನಡಿಗೆ ಎಳೆದುಕೊಂಡು, "ಚಿಕ್ಕೋಳ ಮುಂದೆ ಬೇಡ," ಎಂದು ಕಣ್ಣಲ್ಲೇ ಬೇಡಿದಳು.

"ಬ್ಯಾಗ್ ಇಟ್ಟು ಬಾ ಅರ್ಪಿ. ಇಲ್ಲಿ ಕೂತ್ಕೋ," ಅಂದಳು ರಂಜಿತ.

ತಾಯಿಯ ಸೆರಗಿನಡಿಯಿಂದ ಹಾಳೆ ಎಳೆದು ತಂಗಿಯ ಕೈಗಿಟ್ಟು, ನಡೆದದ್ದೆಲ್ಲ ಹೇಳಿದಳು. ಆಮೇಲೆ, ತನಗೆ ಯಾರೂ ಹೇಳದಿದ್ದ ಮಾತುಗಳನ್ನೆಲ್ಲ ಒಂದೊಂದಾಗಿ ಹೇಳಿದಳು. ಚಿತ್ರಪಟವಿಲ್ಲದೆ ಹೇಳಿದ್ದರಿಂದ ಅಲ್ಲಲ್ಲಿ ತಡವರಿಸಿದಳು, ಎರಡು ಕಡೆ ಹಿಂದುಮುಂದಾಯಿತು. ಅರ್ಪಿತ ಮೊದಲು ದುಪಟ್ಟಾದಲ್ಲಿ ಬಾಯಿ ಮುಚ್ಚಿಕೊಂಡು ಕಿಸಕ್ಕನೆ ನಕ್ಕಳು, ಆಮೇಲೆ ನಗು ನಿಲ್ಲಿಸಿ ಕಣ್ಣರಳಿಸಿ ಕೇಳಿದಳು. ಬೈರಮ್ಮ ಎದ್ದು ಹೋಗಲೂ ಆಗದೆ, ಕೂರಲೂ ಆಗದೆ ಕಂಬಕ್ಕೊರಗಿ ನಿಂತಿದ್ದಳು.

"ಅಕ್ಕಾ, ನಿಜವಾದ ಗುಳಿಗೆ ತಗೊಂಡ್ರೆ ಮುಂದೆ ಮಗು ಆಗೋದೇ ಇಲ್ವಾ? ಅಮ್ಮಂಗೆ ಹಂಗೇ ಆಯ್ತಂತಲ್ಲ?"

ರಂಜಿತ ಬಾಯಿ ತೆರೆಯುವ ಮೊದಲೇ ಕಂಬದ ಕಡೆಯಿಂದ ದನಿ ಬಂತು. "ಆಗುತ್ತೆ ಕಣಮ್ಮ. ನಿಲ್ಲಿಸಿದ ಮೇಲೆ ಆಗುತ್ತೆ. ನನಗೆ ತಡವಾಗಿದ್ದು ಬೇರೆ ಯಾವುದಕ್ಕೋ ಇರ್ಬಹುದು." ಹದಿನಾಲ್ಕು ವರ್ಷ ಊರಿಗೆಲ್ಲ ಹೇಳಿಕೊಂಡು ಬಂದಿದ್ದನ್ನು ಬೈರಮ್ಮ ಮೊದಲ ಬಾರಿಗೆ ತನ್ನ ಮನೆಯೊಳಗೆ ಹೇಳಿದ್ದಳು.

ಅರ್ಪಿತ ತಾಯಿಯ ಮುಖ ನೋಡಲಿಲ್ಲ. ಅಕ್ಕನ ಕಡೆಗೇ ತಿರುಗಿ ಕೇಳಿದಳು.

"ಹೌದೇನಕ್ಕಾ?"

"ಗೊತ್ತಿಲ್ಲ ಕಣೆ," ಅಂದಳು ರಂಜಿತ. "ನಾಳೆ ಇಬ್ಬರೂ ಹೋಗಿ ಸಿಸ್ಟರ್‌ನ ಕೇಳೋಣ."